ಗುಳ್ಳೆಯಿಲ್ಲದ ನೀರಿನ ಹುಡುಕಾಟ: ಆಳಮಾಪಕದ ಟ್ರಾನ್ಸ್‌ಡ್ಯೂಸರ್ ದೋಣಿಯಲ್ಲಿ ನೆಲೆ ಕಂಡ ಬಗೆ

ಸದ್ದಿನಿಂದ ನೀರಿನ ಆಳ ಅಳೆಯುವ ಎಕೋ ಸೌಂಡರನ್ನು ಹೊಸದಾಗಿ ಕೊಂಡು ತಂದವರಿಗೆ ಅದರ ಪರದೆಯನ್ನು ಎಲ್ಲಿಡಬೇಕು ಎಂಬುದು ದೊಡ್ಡ ಚಿಂತೆಯಾಗುವುದಿಲ್ಲ. ಚುಕ್ಕಾಣಿ ಹಿಡಿದವರ ಕಣ್ಣಿಗೆ ಬೀಳುವ ಯಾವ ಜಾಗವಾದರೂ ನಡೆಯುತ್ತದೆ. ಚಿಂತೆ ಶುರುವಾಗುವುದು ನೀರಿನೊಳಕ್ಕೆ ಸದ್ದು ಕಳುಹಿಸಿ ಅದರ ಮರುದನಿಯನ್ನು ಆಲಿಸುವ ಟ್ರಾನ್ಸ್‌ಡ್ಯೂಸರಿನ ವಿಷಯದಲ್ಲಿ. ಅದಕ್ಕಾಗಿ ದೋಣಿಯ ತಳದಲ್ಲಿ ಸುಮಾರು 51 ಮಿಲಿಮೀಟರ್ ಅಗಲದ ತೂತು ಕೊರೆಯಬೇಕಾಗಬಹುದು, ಮತ್ತು ಒಮ್ಮೆ ಕೊರೆದ ತೂತನ್ನು ಒಂದು ಗೇಣು ಆಚೆಗೆ ಸರಿಸಲು ಬರುವುದಿಲ್ಲ. ತಯಾರಕರ ಕೈಪಿಡಿಗಳು ಈ ಕುರಿತು ಹತ್ತಾರು ನಿಯಮಗಳನ್ನು ಹೇಳುತ್ತವೆ: ಕೀಲಿನ (ದೋಣಿಯ ತಳದ ನಡುವೆ ಉದ್ದಕ್ಕೂ ಸಾಗುವ ಬೆನ್ನುಮೂಳೆಯಂಥ ಭಾಗದ) ಮುಂದೆ ಇರಲಿ, ಪ್ರೊಪೆಲ್ಲರಿನಿಂದ ದೂರವಿರಲಿ, ಬಲಬದಿಯಲ್ಲಿರಲಿ, ಫೈಬರ್‌ಗ್ಲಾಸಿನ ಒಳಗಿದ್ದರೂ ಆದೀತು. ಒಂದರ ಮಾತು ಇನ್ನೊಂದಕ್ಕೆ ವಿರುದ್ಧವೆಂಬಂತೆ ಕಾಣುವ ಈ ನಿಯಮಗಳು ಎಲ್ಲಿಂದ ಬಂದವು ಎಂದು ಹಿಂದಕ್ಕೆ ಹೋಗಿ ನೋಡಿದರೆ, ಹೆಚ್ಚಿನವುಗಳ ಬುಡದಲ್ಲಿ ಸಿಗುವುದು ಒಂದೇ ವಸ್ತು, ಗಾಳಿ.

ಎಕೋ ಸೌಂಡರ್ ಸದ್ದು ಹೋಗಿ ಬರುವ ಕಾಲವನ್ನು ಎಣಿಸಿ ಅದರಿಂದ ಆಳವನ್ನು ಲೆಕ್ಕ ಹಾಕುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುವುದರಿಂದ 10 ಮೀಟರ್ ಆಳದ ತಳವನ್ನು ಮುಟ್ಟಿ ಹಿಂದಿರುಗಲು ಅದಕ್ಕೆ ಸೆಕೆಂಡಿನ 75ನೇ ಒಂದು ಭಾಗ ಸಾಕು. ಆದರೆ ನೀರಿನ ಧ್ವನಿ ಪ್ರತಿರೋಧ, ಎಂದರೆ ಸದ್ದಿನ ಅಲೆಗೆ ಅದು ಒಡ್ಡುವ ತಡೆ, ಗಾಳಿಯದಕ್ಕಿಂತ ಸುಮಾರು 3,500 ಪಟ್ಟು ಹೆಚ್ಚು. ಇಷ್ಟು ಅಂತರವಿರುವ ಎರಡು ವಸ್ತುಗಳ ಗಡಿಯನ್ನು ಮುಟ್ಟಿದ ಸದ್ದಿನ ಶಕ್ತಿಯಲ್ಲಿ ಶೇಕಡಾ 99.9ರಷ್ಟು ಅಲ್ಲಿಂದಲೇ ಹಿಂದಿರುಗುತ್ತದೆ. ಟ್ರಾನ್ಸ್‌ಡ್ಯೂಸರಿನ ಮುಖದ ಮೇಲೆ ಕಾಗದದಷ್ಟು ತೆಳುವಾದ ಗಾಳಿಯ ಪದರ ಕೂತರೂ ಸದ್ದಿನ ಪಾಲಿಗೆ ಅದು ಗೋಡೆ. ನಿಂತ ದೋಣಿಯಲ್ಲಿ ಚೆನ್ನಾಗಿ ನಡೆಯುವ ಉಪಕರಣ ದೋಣಿ ವೇಗ ಹಿಡಿದ ಕೂಡಲೇ ಅಂಕಿಗಳನ್ನು ಕಳೆದುಕೊಳ್ಳುವುದಕ್ಕೆ ಕಾರಣ ಬಹುಪಾಲು ಇದೇ.

ಎಲ್ಲಿಂದ ಅಳೆಯಬೇಕು ಎಂಬ ಪ್ರಶ್ನೆ ಮಾತ್ರ ಸದ್ದಿನಿಂದ ಆಳ ಅಳೆಯುವ ವಿದ್ಯೆಗಿಂತ ಹಳೆಯದು. ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಆಳ ನೋಡುತ್ತಿದ್ದ ಕಾಲದಲ್ಲಿ, ಗುಂಡು ಎಸೆಯುವವನು ಹಡಗಿನ ಬದಿಯಲ್ಲಿ ಹೊರಚಾಚಿದ ಅಟ್ಟಣೆಯ ಮೇಲೆ ನಿಂತು ಗುಂಡನ್ನು ಮುಂದಕ್ಕೆ ಬೀಸುತ್ತಿದ್ದನು. ಹಡಗು ಸಾಗಿ ಬಂದು ಅವನು ಗುಂಡಿನ ನೇರಕ್ಕೆ ತಲುಪುವಷ್ಟರಲ್ಲಿ ಹಗ್ಗ ಲಂಬವಾಗಿ ನಿಂತಿರಬೇಕು, ಆಗ ಓದಿದ ಅಳತೆಯೇ ನಿಜವಾದ ಅಳತೆ. ಹಗ್ಗ ಓರೆಯಾದರೆ ಆಳ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಕನ್ನಡದ ಮಾರು, ಇಂಗ್ಲಿಷಿನ ಫ್ಯಾದಮ್, ಎರಡೂ ಅಗಲಕ್ಕೆ ಚಾಚಿದ ಎರಡು ತೋಳುಗಳಿಂದ ಹುಟ್ಟಿದ ಅಳತೆಗಳು. ಫ್ಯಾದಮ್ 6 ಅಡಿಗೆ, ಎಂದರೆ ಸುಮಾರು 1.83 ಮೀಟರಿಗೆ ಸ್ಥಿರವಾಯಿತು. ಹಗ್ಗವನ್ನು ಕೈಯಲ್ಲಿ ಹಿಡಿದವನಿಗೆ ಲಂಬರೇಖೆಯ ಮಹತ್ವವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಕಣ್ಣಿಗೆ ಕಾಣದ ಸದ್ದಿನ ಕಿರಣ ಹಗ್ಗದ ಜಾಗಕ್ಕೆ ಬಂದಮೇಲೆ ಅದನ್ನು ಮರೆಯುವುದು ಸುಲಭವಾಯಿತು.

ನೀರಿನಲ್ಲಿ ಸದ್ದಿನ ವೇಗವನ್ನು ಕೊಲಾಡನ್ ಮತ್ತು ಸ್ಟರ್ಮ್ 1826ರಲ್ಲಿ ಜಿನೀವಾ ಸರೋವರದಲ್ಲಿ ಸೆಕೆಂಡಿಗೆ 1,435 ಮೀಟರ್ ಎಂದು ಅಳೆದಿದ್ದರು. ಆದರೆ ಹಡಗಿನೊಳಗೆ ಕೂತು ನೀರಿನ ಸದ್ದನ್ನು ಕೇಳುವುದು ಹೇಗೆ ಎಂಬುದು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಬಗೆಹರಿಯಲಿಲ್ಲ. 1901ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಸಬ್‌ಮರೀನ್ ಸಿಗ್ನಲ್ ಕಂಪನಿ, ದೀಪದ ಹಡಗುಗಳ (ಒಂದೆಡೆ ಲಂಗರು ಹಾಕಿ ದೀಪಸ್ತಂಭದಂತೆ ದಾರಿ ತೋರುವ ಹಡಗುಗಳ) ಕೆಳಗೆ ನೀರಿನಲ್ಲಿ ಬಾರಿಸುವ ಗಂಟೆಗಳ ಸದ್ದನ್ನು ಹಡಗುಗಳಿಗೆ ಕೇಳಿಸುವ ವ್ಯವಸ್ಥೆಯನ್ನು ಮಾಡಿತು. ಅದಕ್ಕಾಗಿ ಹಡಗಿನ ಮುಂಭಾಗದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಉಕ್ಕಿನ ತಗಡಿನ ಒಳಮೈಗೆ ಎರಡೂ ಬದಿಗಳಲ್ಲಿ ಚಿಕ್ಕ ತೊಟ್ಟಿಗಳನ್ನು ಜೋಡಿಸಿ, ಅವುಗಳಲ್ಲಿ ನೀರು ತುಂಬಿಸಿ, ಆ ನೀರಿನಲ್ಲಿ ಮೈಕ್ರೊಫೋನ್ ಮುಳುಗಿಸಲಾಗುತ್ತಿತ್ತು. ತಗಡಿನ ಹೊರಗೂ ನೀರು, ಒಳಗೂ ನೀರು; ನಡುವೆ ಗಾಳಿಯಿಲ್ಲದ ಕಾರಣ ಸದ್ದು ತಗಡನ್ನು ದಾಟಿ ಬರುತ್ತಿತ್ತು. ತೂತು ಕೊರೆಯದೆ ಒಳಗಿನಿಂದಲೇ ಕೇಳುವ ಈ ಉಪಾಯ ಅರ್ಧ ಶತಮಾನದ ಬಳಿಕ ಸಣ್ಣ ದೋಣಿಗಳಲ್ಲಿ ಮತ್ತೆ ಜೀವ ಪಡೆಯಿತು. ಈ ಇತಿಹಾಸದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವ ಕೊಂಡಿ ಇದೇ.

1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಮಂಜುಗಡ್ಡೆಯನ್ನು ಮೊದಲೇ ಪತ್ತೆ ಮಾಡುವ ಪ್ರಯತ್ನಗಳು ಚುರುಕಾದವು. ರೆಜಿನಾಲ್ಡ್ ಫೆಸೆಂಡನ್ ರೂಪಿಸಿದ, ನೀರಿನಲ್ಲಿ ಸದ್ದು ಹೊರಡಿಸುವ ಆಂದೋಲಕವು 1914ರಲ್ಲಿ ಮಯಾಮಿ ಎಂಬ ಅಮೆರಿಕನ್ ಗಸ್ತು ಹಡಗಿನಿಂದ ಮಂಜುಗಡ್ಡೆಯ ಮರುದನಿಯನ್ನೂ ಸಮುದ್ರತಳದ ಮರುದನಿಯನ್ನೂ ಹಿಡಿಯಿತು. ಜರ್ಮನಿಯ ಅಲೆಕ್ಸಾಂಡರ್ ಬೆಹ್ಮ್ 1913ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಹಡಗಿನ ಒಂದು ಬದಿಯಲ್ಲಿ ಸಣ್ಣ ಸಿಡಿಮದ್ದು ಹಾರಿಸಿ, ಇನ್ನೊಂದು ಬದಿಯಲ್ಲಿ ಮರುದನಿಯನ್ನು ಕೇಳುವ ಏರ್ಪಾಡು ಬೆಳೆದು ಬಂದಿತು. ಸಿಡಿತದ ನೇರ ಸದ್ದು ಕಿವಿಗೆ ಬಡಿದು ಮರುದನಿಯನ್ನು ನುಂಗದಿರಲಿ ಎಂದು ಹಡಗಿನ ಒಡಲನ್ನೇ ಮರೆಯಾಗಿ ಬಳಸಿದ್ದು ಅಲ್ಲಿನ ಜಾಣ್ಮೆ.

ಹೇಳುವ ಬಾಯಿ ಒಂದು ಕಡೆ, ಕೇಳುವ ಕಿವಿ ಇನ್ನೊಂದು ಕಡೆ ಇರುವ ಈ ಪದ್ಧತಿ ಹಲವು ವರ್ಷ ಉಳಿಯಿತು ಮತ್ತು ತನ್ನದೇ ಒಂದು ತಪ್ಪನ್ನು ತಂದಿತು. ಎರಡರ ನಡುವೆ ಅಂತರವಿದ್ದಾಗ ಸದ್ದು ನೇರ ಕೆಳಗಿಳಿದು ನೇರ ಮೇಲೇರುವುದಿಲ್ಲ, ತ್ರಿಕೋನದ ಎರಡು ಓರೆ ಬಾಹುಗಳ ಮೇಲೆ ಸಾಗುತ್ತದೆ. ಸಾವಿರ ಮೀಟರ್ ಆಳದಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬಾರದು. ಆದರೆ ಎರಡೂ 4 ಮೀಟರ್ ದೂರದಲ್ಲಿದ್ದು ಅವುಗಳ ಕೆಳಗೆ 2 ಮೀಟರ್ ಮಾತ್ರ ನೀರಿದ್ದರೆ ಉಪಕರಣ 2.8 ಮೀಟರ್ ಎಂದು ತೋರಿಸುತ್ತದೆ. ಎಂದರೆ ತಳ ಹತ್ತಿರವಾಗಿ ಅಪಾಯ ಹೆಚ್ಚಿದಷ್ಟೂ ತಪ್ಪು ದೊಡ್ಡದಾಗುತ್ತದೆ, ಅದೂ ಇಲ್ಲದ ನೀರನ್ನು ಇದೆ ಎಂದು ಹೇಳುವ ದಿಕ್ಕಿನಲ್ಲಿ. ಟ್ರಾನ್ಸ್‌ಡ್ಯೂಸರಿನ ಒಂದೇ ಬಿಲ್ಲೆ ಹೇಳುವ ಮತ್ತು ಕೇಳುವ ಎರಡೂ ಕೆಲಸವನ್ನು ಮಾಡತೊಡಗಿದ ಮೇಲೆ ಈ ತೊಡಕು ಮರೆಯಾಯಿತು.

ಅಮೆರಿಕದ ನೌಕಾಪಡೆಗಾಗಿ ಹಾರ್ವಿ ಹೇಯ್ಸ್ ರೂಪಿಸಿದ ಉಪಕರಣ 1922ರಲ್ಲಿ ಸ್ಟೂವರ್ಟ್ ಎಂಬ ನೌಕೆ ಅಟ್ಲಾಂಟಿಕ್ ದಾಟುತ್ತಿರುವಾಗಲೇ ಸುಮಾರು 900 ಕಡೆ ಆಳವನ್ನು ಅಳೆಯಿತು. 1925ರಿಂದ 1927ರವರೆಗೆ ಜರ್ಮನಿಯ ಮೆಟಿಯೋರ್ ಹಡಗು ದಕ್ಷಿಣ ಅಟ್ಲಾಂಟಿಕ್‌ನಲ್ಲಿ 67,000ಕ್ಕೂ ಹೆಚ್ಚು ಅಳತೆಗಳನ್ನು ತೆಗೆದುಕೊಂಡಿತು. ಹಡಗು ನಿಲ್ಲದೆ ಅಳೆಯಬಹುದು ಎಂದಾದ ಮೇಲೆ ಚಲಿಸುವ ಒಡಲಿನ ಕೆಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆ ಗಂಭೀರವಾಯಿತು. ಅಲೆಯ ಮೇಲೆ ಏರಿಳಿಯುವ ಮೂತಿ ಪ್ರತಿ ಬಾರಿ ನೀರಿಗೆ ಬಡಿದಾಗಲೂ ಗಾಳಿಯನ್ನು ಕೆಳಗೆ ತಳ್ಳುತ್ತದೆ. ಆ ಗುಳ್ಳೆಗಳು ಒಡಲನ್ನು ಸವರಿಕೊಂಡು ಹಿಂದಕ್ಕೆ ಹರಿಯುತ್ತವೆ. ಮೂತಿಗೆ ತೀರಾ ಹತ್ತಿರವಿದ್ದರೆ ಟ್ರಾನ್ಸ್‌ಡ್ಯೂಸರ್ ಅಲೆಯ ನಡುವೆ ನೀರಿನಿಂದಲೇ ಹೊರಬರಬಹುದು, ತೀರಾ ಹಿಂದಿದ್ದರೆ ಪ್ರೊಪೆಲ್ಲರಿನ ಗದ್ದಲ. ನೀರನ್ನು ಸೀಳಿಕೊಂಡು ನಿಧಾನವಾಗಿ ಸಾಗುವ ಒಡಲುಗಳಲ್ಲಿ ಮೂತಿಯಿಂದ ಮೂರನೇ ಒಂದು ಭಾಗದಷ್ಟು ಹಿಂದಕ್ಕೆ, ಕೀಲಿನ ಸಮೀಪದಲ್ಲಿ ಅಳವಡಿಸಬೇಕು ಎಂಬ ಸಲಹೆ ಈ ಎರಡು ಕೇಡುಗಳ ನಡುವಿನ ರಾಜಿಯಾಗಿ ಬಂದದ್ದು.

ಮೊದಲ ಮಹಾಯುದ್ಧದಲ್ಲಿ ಪಾಲ್ ಲಾಂಜೆವಿನ್ ಕ್ವಾರ್ಟ್ಜ್ ಹರಳಿನಿಂದ ಕಿವಿಗೆ ಕೇಳದಷ್ಟು ಎತ್ತರದ ಸದ್ದನ್ನು ಹೊರಡಿಸಿ ತೋರಿಸಿದ್ದರು. 1950ರ ದಶಕದಲ್ಲಿ ಲೆಡ್ ಜಿರ್ಕೊನೇಟ್ ಟೈಟನೇಟ್ ಎಂಬ ಸೆರಾಮಿಕ್ ಬಂದ ಮೇಲೆ ಟ್ರಾನ್ಸ್‌ಡ್ಯೂಸರ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೂ ಅಗ್ಗವೂ ಆಯಿತು. ಅಲ್ಲಿಂದ ಮುಂದೆ ನೌಕಾ ಎಂಜಿನಿಯರುಗಳ ಪ್ರಶ್ನೆ ಸಾಮಾನ್ಯ ದೋಣಿಯವರ ಪ್ರಶ್ನೆಯಾಯಿತು, ಮತ್ತು ಉತ್ತರಗಳು ಒಡಲಿನ ಆಕಾರಕ್ಕೆ ತಕ್ಕಂತೆ ಕವಲೊಡೆದವು.

ಹಾಯಿದೋಣಿಯ ಸಮಸ್ಯೆ ವಾಲುವಿಕೆ. ಗಾಳಿಗೆ ಒರಗಿದಾಗ ಮೇಲೆದ್ದ ಬದಿಯ ಟ್ರಾನ್ಸ್‌ಡ್ಯೂಸರ್ ಪಕ್ಕಕ್ಕೆ ತಿರುಗುತ್ತದೆ ಇಲ್ಲವೇ ಕೀಲಿನ ಮರೆಗೆ ಬೀಳುತ್ತದೆ. ಕೆಲವರು ಎರಡೂ ಬದಿಗೆ ಒಂದೊಂದನ್ನು ಹಾಕಿ, ವಾಲಿದ ದಿಕ್ಕನ್ನು ಅನುಸರಿಸಿ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಸ್ವಿಚ್ಚನ್ನು ಜೋಡಿಸಿದರು. ರೆಕ್ಕೆಯಂಥ ಕೀಲಿರುವ ದೋಣಿಗಳಲ್ಲಿ ಅದರ ಮುಂದೆ 30ರಿಂದ 60 ಸೆಂಟಿಮೀಟರ್ ದೂರದಲ್ಲಿ, ನಡುರೇಖೆಯ ಪಕ್ಕದಲ್ಲಿ ಒಂದನ್ನೇ ಇಡುವುದು ಈಗ ರೂಢಿಯಾಗಿದೆ.

ವೇಗದ ಮೋಟಾರು ದೋಣಿಗಳಲ್ಲಿ ಲೆಕ್ಕ ತಿರುಗುಮುರುಗಾಯಿತು. ಓಟದಲ್ಲಿ ಅವುಗಳ ಮುಂಭಾಗ ನೀರಿನಿಂದ ಮೇಲೇಳುವುದರಿಂದ ನೀರು ಮುಟ್ಟಿಕೊಂಡೇ ಇರುವುದು ಹಿಂಭಾಗ ಮಾತ್ರ. ಹೀಗಾಗಿ ಹಡಗುಗಳು ಮುಂದೆ ತಂದದ್ದನ್ನು ಇವು ಹಿಂದಕ್ಕೆ ಒಯ್ದವು. ತಳದ ಉದ್ದಕ್ಕೂ ಇರುವ ಉಬ್ಬುಪಟ್ಟಿಗಳು ಗುಳ್ಳೆಗಳ ಸಾಲನ್ನು ಎಳೆದುಕೊಂಡು ಬರುವುದರಿಂದ ನಡುರೇಖೆಗೂ ಮೊದಲ ಉಬ್ಬುಪಟ್ಟಿಗೂ ನಡುವಿನ ಜಾಗವೇ ಗುಳ್ಳೆಯಿಲ್ಲದ ನೀರಿನ ನೆಲೆ. ಹಿಂಬದಿಯ ಹಲಗೆಗೆ, ಎಂದರೆ ಟ್ರಾನ್ಸಮ್ಮಿಗೆ, ಚೌಕಟ್ಟು ತಿರುಪಿ ನೇತುಹಾಕುವ ವಿಧಾನ ಜನಪ್ರಿಯವಾದದ್ದು ತಳಕ್ಕೆ ತೂತು ಬೇಡ ಎಂಬ ಕಾರಣಕ್ಕೆ. ಅಲ್ಲಿ ಬಲಬದಿಯನ್ನು ಆರಿಸಬೇಕೆನ್ನುವುದು ಬರಿಯ ಸಂಪ್ರದಾಯವಲ್ಲ. ಹಿಂದಿನಿಂದ ನೋಡಿದಾಗ ಗಡಿಯಾರದ ದಿಕ್ಕಿನಲ್ಲಿ ತಿರುಗುವ ಪ್ರೊಪೆಲ್ಲರಿನ ಅಲಗುಗಳು ಬಲಗಡೆ ಕೆಳಕ್ಕಿಳಿಯುತ್ತವೆ, ಎಡಗಡೆ ಮೇಲೇರುತ್ತವೆ, ಮತ್ತು ಇಳಿಯುವ ಬದಿಯ ನೀರಿನಲ್ಲಿ ಕಲಕು ಕಡಿಮೆ. ಪ್ರೊಪೆಲ್ಲರ್ ಎದುರು ದಿಕ್ಕಿನಲ್ಲಿ ತಿರುಗುವುದಾದರೆ ನಿಯಮವೂ ತಿರುಗಬೇಕು. ಕಾರಣ ಗೊತ್ತಿಲ್ಲದೆ ನಿಯಮವನ್ನು ಮಾತ್ರ ಪಾಲಿಸುವವರು ಎಡವುವುದು ಇಂಥಲ್ಲಿ.

ಫೈಬರ್‌ಗ್ಲಾಸ್ ದೋಣಿಗಳು ಹೆಚ್ಚಿದಂತೆ ಸಬ್‌ಮರೀನ್ ಸಿಗ್ನಲ್ ಕಂಪನಿಯ ತೊಟ್ಟಿ ಹೊಸ ರೂಪದಲ್ಲಿ ಮರಳಿತು. ಒಡಲಿನ ಒಳಮೈಗೆ ಚಿಕ್ಕ ಡಬ್ಬಿಯನ್ನು ಅಂಟಿಸಿ, ಅದರಲ್ಲಿ ಹರಳೆಣ್ಣೆಯನ್ನೋ ಪ್ರೊಪಿಲೀನ್ ಗ್ಲೈಕಾಲನ್ನೋ ತುಂಬಿಸಿ, ಟ್ರಾನ್ಸ್‌ಡ್ಯೂಸರನ್ನು ಅದರೊಳಗೆ ಮುಳುಗಿಸಿದರೆ ಸದ್ದು ಗಟ್ಟಿ ಫೈಬರ್‌ಗ್ಲಾಸನ್ನು ದಾಟಿ ಹೋಗುತ್ತದೆ. ಹರಳೆಣ್ಣೆಯ ಧ್ವನಿ ಗುಣ ನೀರಿನದಕ್ಕೆ ಹತ್ತಿರವಿರುವುದು ಇಲ್ಲಿ ಪ್ರಯೋಜನಕ್ಕೆ ಬಂತು. ಆದರೆ ಸದ್ದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಒಡಲನ್ನು ಹಾಯಬೇಕಾದ್ದರಿಂದ ಎರಡು ಸಲ ಬಲ ಕಳೆದುಕೊಳ್ಳುತ್ತದೆ. ದಪ್ಪ ಹೆಚ್ಚಿದಷ್ಟೂ ಆಳವಾದ ನೀರಿನಲ್ಲಿ ಅಳೆಯುವ ಶಕ್ತಿ ಕುಂದುತ್ತದೆ. ಒಡಲಿನ ಎರಡು ಪದರಗಳ ನಡುವೆ ಬಾಲ್ಸಾ ಮರವೋ ನೊರೆಹಲಗೆಯೋ ತುಂಬಿದ್ದರೆ ಅದರಲ್ಲಿ ಹುದುಗಿದ ಗಾಳಿ ಸದ್ದನ್ನು ದಾಟಗೊಡುವುದಿಲ್ಲ. ಅಂಥಲ್ಲಿ ಒಳಪದರವನ್ನೂ ತಿರುಳನ್ನೂ ಆ ಜಾಗದ ಮಟ್ಟಿಗೆ ಕತ್ತರಿಸಿ ತೆಗೆಯಬೇಕು. ಅಂಟಿನಲ್ಲಿ ಉಳಿದ ಒಂದೆರಡು ಗುಳ್ಳೆಗಳೂ ಅಷ್ಟೇ ಕೆಟ್ಟವು.

ತಳದ ಇಳಿಜಾರಿನ ವಿಷಯದಲ್ಲಿ ಗುಂಡುಹಗ್ಗದ ಹಳೆಯ ಪಾಠ ಮತ್ತೆ ಎದುರಾಗುತ್ತದೆ. 200 ಕಿಲೋಹರ್ಟ್ಸ್ ಸದ್ದಿನ ಕಿರಣ ಅನೇಕ ಟ್ರಾನ್ಸ್‌ಡ್ಯೂಸರುಗಳಲ್ಲಿ ಸುಮಾರು 12 ಡಿಗ್ರಿಯಷ್ಟೇ ಅಗಲ. 'ವಿ' ಆಕಾರದ ತಳ 20 ಡಿಗ್ರಿ ಇಳಿಜಾರಾಗಿದ್ದು, ಟ್ರಾನ್ಸ್‌ಡ್ಯೂಸರನ್ನು ಅದಕ್ಕೆ ಸಪಾಟಾಗಿ ಕೂರಿಸಿದರೆ ಕಿರಣ ಪಕ್ಕಕ್ಕೆ ಹೊರಟು, ಮರುದನಿಯ ಹೆಚ್ಚಿನ ಭಾಗ ದೋಣಿಗೆ ಹಿಂದಿರುಗುವುದೇ ಇಲ್ಲ. ಇದಕ್ಕೆ ಮೊದಲ ಪರಿಹಾರವಾಗಿ ಬಂದದ್ದು ಫೇರಿಂಗ್ ಬ್ಲಾಕ್, ಎಂದರೆ ಇಳಿಜಾರಿಗೆ ಹೊಂದುವಂತೆ ಓರೆಯಾಗಿ ಕೊಯ್ದ ಮರದ ಅಥವಾ ಪ್ಲಾಸ್ಟಿಕ್ಕಿನ ತುಂಡು. ಅದು ಮುಖವನ್ನು ಮಟ್ಟಸವಾಗಿಸುವುದರ ಜೊತೆಗೆ ಒಡಲಿಗೆ ಅಂಟಿ ಹರಿಯುವ ಕಲಕುನೀರಿನಿಂದ ಕೆಳಗಿಳಿಸುತ್ತದೆ, ಆದರೆ ಹೊರಚಾಚಿಕೊಂಡು ತೇಲುಮರಕ್ಕೂ ಟ್ರೇಲರಿನ ಉರುಳೆಗಳಿಗೂ ಸಿಕ್ಕಿಬೀಳುತ್ತದೆ. ನಂತರ ಏರ್‌ಮಾರ್ ಮುಂತಾದ ತಯಾರಕರು ಹೊರಮುಖ ಒಡಲಿಗೆ ಸಮವಾಗಿದ್ದು ಒಳಗಿನ ಸೆರಾಮಿಕ್ ಮಾತ್ರ 12 ಅಥವಾ 20 ಡಿಗ್ರಿ ವಾಲಿರುವ ಮಾದರಿಗಳನ್ನು ತಂದರು. ಆದ್ದರಿಂದ ಇಂದು ಜಾಗ ಆರಿಸುವ ಮೊದಲು ಅಲ್ಲಿನ ಇಳಿಜಾರನ್ನು ಅಳೆಯುವುದು ಅಗತ್ಯ.

ಲೋಹದ ಆಯ್ಕೆಯೂ ಜಾಗದೊಡನೆ ಹೆಣೆದುಕೊಂಡಿದೆ. ಅಲ್ಯುಮಿನಿಯಂ ಒಡಲಿಗೆ ಕಂಚಿನ ಕವಚ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯುಮಿನಿಯಂ ಸವೆಯುತ್ತದೆ. ಮರದ ಒಡಲು ನೆನೆದು ಉಬ್ಬಿದಾಗ ಪ್ಲಾಸ್ಟಿಕ್ ಕವಚ ಬಿರಿಯಬಹುದು.

ಸಂಶೋಧನಾ ಹಡಗುಗಳು ಇದೇ ಹೋರಾಟವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಮುಂದುವರಿಸಿವೆ. ಕೆಲವು ಹಡಗುಗಳಲ್ಲಿ ಟ್ರಾನ್ಸ್‌ಡ್ಯೂಸರುಗಳನ್ನು ಒಡಲಿನ ಕೆಳಗೆ ನೇತಾಡುವ ಗೊಂಡೋಲಾ ಎಂಬ ಗೂಡಿನಲ್ಲಿ ಇಡಲಾಗುತ್ತದೆ. ಆಸ್ಕರ್ ಡೈಸನ್‌ನಂಥ ಅಮೆರಿಕದ ಮೀನುಗಾರಿಕಾ ಸಮೀಕ್ಷಾ ನೌಕೆಯಲ್ಲಿ ಕೆಳಕ್ಕಿಳಿಸಿ ಮೇಲೆತ್ತಬಹುದಾದ ನಡುಹಲಗೆಯ ತುದಿಯಲ್ಲಿ ಅವು ಕೂತಿವೆ. ಸಣ್ಣ ದೋಣಿಗಳಲ್ಲೂ ಸದ್ದಿನಿಂದ ಬದಿಗಳನ್ನು ಚಿತ್ರಿಸುವ ಸೋನಾರ್ ಉಪಕರಣ ಬಂದ ಮೇಲೆ ಜಾಗದ ಆಯ್ಕೆ ಇಕ್ಕಟ್ಟಾಗಿದೆ. ಕೆಳಗೆ ಮಾತ್ರ ನೋಡುವ ಬಿಲ್ಲೆಗೆ ಎಂಜಿನ್ನಿನ ಕಾಲು, ಎಂದರೆ ನೀರಿನೊಳಗೆ ಇಳಿದ ಅದರ ಭಾಗ, ಪಕ್ಕದಲ್ಲಿದ್ದರೂ ತೊಂದರೆಯಿರಲಿಲ್ಲ. ಎರಡೂ ಬದಿಗೆ ನೋಡುವ ಬಿಲ್ಲೆಗೆ ಅದೇ ಕಾಲು ಚಿತ್ರದ ಅರ್ಧವನ್ನು ಮರೆಮಾಡುತ್ತದೆ.

ಜಾಗ ನಿಗದಿಯಾದ ಮೇಲೂ ಉಳಿಯುವ ಕೆಲಸವೊಂದಿದೆ. ಟ್ರಾನ್ಸ್‌ಡ್ಯೂಸರ್ ಅಳೆಯುವುದು ತನ್ನ ಮುಖದಿಂದ ಕೆಳಗಿನ ನೀರನ್ನು. ಅದು ನೀರಿನ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗಿದ್ದು ಕೀಲು ಅದಕ್ಕಿಂತ ಇನ್ನೊಂದು ಮೀಟರ್ ಕೆಳಗಿದ್ದರೆ, ಪರದೆಯ ಮೇಲಿನ 1.0 ಎಂಬ ಅಂಕಿಯ ಅರ್ಥ ಕೀಲು ತಳವನ್ನು ಮುಟ್ಟಿದೆ ಎಂದೇ. ಈ ವ್ಯತ್ಯಾಸವನ್ನು ಉಪಕರಣಕ್ಕೆ ತಿಳಿಸಲು ಅಳವಡಿಸುವ ದಿನವೇ, ದೋಣಿ ನೀರಿನಿಂದ ಹೊರಗಿರುವಾಗಲೇ, ಟೇಪು ಹಿಡಿದು ಅಳೆದು ಬರೆದಿಡಬೇಕು. ತೂತು ಕೊರೆಯುವ ಮೊದಲು ಜಾಗವನ್ನು ಪರೀಕ್ಷಿಸುವ ದಾರಿಗಳೂ ಇವೆ: ಟ್ರಾನ್ಸಮ್ಮಿಗೆ ಹಾಕುವುದಾದರೆ ಹಲಗೆಯೊಂದಕ್ಕೆ ತಾತ್ಕಾಲಿಕವಾಗಿ ಕಟ್ಟಿ ಬೇರೆ ಬೇರೆ ವೇಗದಲ್ಲಿ ಓಡಿಸಿ ನೋಡಬಹುದು, ಒಡಲಿನ ಒಳಗೆ ಇಡುವುದಾದರೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಸಿ, ಟ್ರಾನ್ಸ್‌ಡ್ಯೂಸರನ್ನು ಅದರಲ್ಲಿ ಮುಳುಗಿಸಿ, ಚೀಲವನ್ನು ತಳಕ್ಕೆ ಒತ್ತಿ ಹಿಡಿದು ಅಂಕಿ ಸ್ಥಿರವಾಗಿ ಬರುತ್ತದೆಯೇ ಎಂದು ನೋಡಬಹುದು. ಅಳವಡಿಸಿದ ಮೇಲೆ ಸಮೀಕ್ಷೆಯವರು ಇಂದಿಗೂ ಬಾರ್ ಚೆಕ್ ಎಂಬ ಪರೀಕ್ಷೆಯನ್ನು ಮಾಡುತ್ತಾರೆ. ಗುರುತು ಹಾಕಿದ ಹಗ್ಗ ಅಥವಾ ಸರಪಳಿಗೆ ಲೋಹದ ಹಲಗೆಯನ್ನು ಕಟ್ಟಿ, ಅದನ್ನು ಟ್ರಾನ್ಸ್‌ಡ್ಯೂಸರಿನ ನೇರ ಕೆಳಗೆ ಒಂದೊಂದೇ ಮೀಟರ್ ಇಳಿಸುತ್ತಾ, ಪರದೆಯ ಅಂಕಿ ಹಗ್ಗದ ಗುರುತಿಗೆ ಹೊಂದುವವರೆಗೆ ಉಪಕರಣವನ್ನು ತಿದ್ದುತ್ತಾರೆ.