ಮಗನ ಫೋನ್ ಬಂದಿಲ್ಲ ಅನ್ನುವುದೂ ಸುದ್ದಿಯೇ

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ, ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆಯಿದೆ. ಸುತ್ತಲ ಹಳ್ಳಿಗಳಿಂದ ಸೈನ್ಯಕ್ಕೆ ಹೋದವರೂ ಬಹಳ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಹೊತ್ತಿಗೆ, ರಜೆಗೆ ಬಂದಿದ್ದ ಯೋಧರು ಅರ್ಧಕ್ಕೇ ಹೊರಟರು. ಹಾರ ಹಾಕಿ ಕಳಿಸುವುದು ತಪ್ಪಲ್ಲ, ಹಾಗೇ ಕಳಿಸಬೇಕು. ಆದರೆ ಆ ಫೋಟೊದ ಕೆಳಗೆ ಯುನಿಟ್, ರೈಲು, ಇಳಿಯುವ ಸ್ಟೇಷನ್ ಎಲ್ಲ ಬರೆದು ಸ್ಟೇಟಸ್ ಹಾಕಿದರೆ ನನಗೆ ಹೆದರಿಕೆಯಾಗುತ್ತದೆ.

ಸೈನ್ಯದಲ್ಲಿ ನಾನು ಸಿಗ್ನಲ್ಸ್‌ನವನು, ವೈರ್‌ಲೆಸ್ ಕೆಲಸ. ವೈರಿಗೆ ನಮ್ಮ ಮಾತು ಅರ್ಥವಾಗಲೇಬೇಕೆಂದಿಲ್ಲ. ಸಂದೇಶ ಗೂಢಲಿಪಿಯಲ್ಲಿದ್ದರೂ ಅದು ಯಾವ ಕಡೆಯಿಂದ ಬಂತು, ಎಷ್ಟು ಬಂತು, ಯಾವಾಗ ನಿಂತಿತು ಎಂದು ಅವರು ಲೆಕ್ಕ ಇಡುತ್ತಾರೆ. ಎಡೆಬಿಡದೆ ಮಾತಾಡುತ್ತಿದ್ದ ಸೆಟ್ ಒಮ್ಮೆಲೇ ಸುಮ್ಮನಾದರೆ ಪಡೆ ಜಾಗ ಬಿಟ್ಟಿರಬಹುದು ಎಂದು ಅವರಿಗೆ ಅನುಮಾನ ಬರುತ್ತದೆ.

ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಇದೇ ಆಗುತ್ತದೆ. 'ನಮ್ಮವನ ಫೋನ್ ಎರಡು ದಿನದಿಂದ ಸ್ವಿಚ್ ಆಫ್' ಎಂದು ಒಬ್ಬ ತಾಯಿ ಬರೆಯುತ್ತಾಳೆ. 'ನಮ್ಮದೂ ಹಂಗೇ ಐತ್ರಿ' ಎಂದು ಇನ್ನೊಬ್ಬಳು. ಪಾಪ, ಸಂಕಟಕ್ಕೆ ಬರೆದದ್ದು. ಆದರೆ ಒಂದೇ ಯುನಿಟ್‌ನ ಏಳೆಂಟು ಮನೆಯವರು ಹೀಗೆ ಬರೆದರೆ ಆ ಯುನಿಟ್ ಹೊರಟಿದ್ದು ಬಯಲಾಯಿತು. ಗುಟ್ಟು ಅಂತ ಯಾರೂ ಏನೂ ಹೇಳಿರುವುದಿಲ್ಲ, ಅಲ್ವಾ? ಗುಂಪಿನಲ್ಲಿರುವ ನಂಬರ್‌ಗಳೆಲ್ಲ ಯಾರವು ಎಂದು ಅಡ್ಮಿನ್‌ಗೂ ಗೊತ್ತಿರುವುದಿಲ್ಲ.

2023ರ ಜನವರಿ 1ರಂದು ಪೂರ್ವ ಉಕ್ರೇನ್‌ನ ಮಕೀವ್ಕಾದಲ್ಲಿ, ರಷ್ಯಾದ ಸೈನಿಕರು ತಂಗಿದ್ದ ಕಟ್ಟಡಕ್ಕೆ ರಾಕೆಟ್‌ಗಳು ಬಿದ್ದವು. 89 ಜನ ಸತ್ತರೆಂದು ರಷ್ಯಾ ಸೈನ್ಯವೇ ಹೇಳಿತು. ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ, ಅದರಿಂದಲೇ ಅವರಿದ್ದ ಜಾಗ ವೈರಿಗೆ ತಿಳಿಯಿತು ಎಂದೂ ಹೇಳಿತು.

ನಮ್ಮ ಸೈನ್ಯದ ಅಂಚೆ ವಿಳಾಸ ನೋಡಿ. ನಂಬರ್, ಹೆಸರು, ಯುನಿಟ್, ಆಮೇಲೆ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ. ಮಗ ಲಡಾಖಿನಲ್ಲಿದ್ದರೂ ಅದೇ, ರಾಜಸ್ಥಾನದಲ್ಲಿದ್ದರೂ ಅದೇ. ಯುನಿಟ್ಟಿನ ಹೆಸರಿರುವ ಕಡೆ ಊರಿನ ಹೆಸರು ಬರಬಾರದು. ಸ್ಟೇಟಸ್ ಹಾಕುವಾಗಲೂ ಇಷ್ಟೇ ನೋಡಿಕೊಳ್ಳಿ. ಹೊತ್ತನ್ನೂ ಸೇರಿಸಬೇಡಿ. ಬೀಳ್ಕೊಟ್ಟ ಫೋಟೊ ಹಾಕಲೇಬೇಕೆಂದರೆ ಎಲ್ಲ ತಣ್ಣಗಾದ ಮೇಲೆ ಹಾಕಿ. ಪಡೆಗಳ ಓಡಾಟವನ್ನು ನೇರವಾಗಿ ತೋರಿಸಬೇಡಿ ಎಂದು 2025ರ ಏಪ್ರಿಲ್ 26ರಂದು ಕೇಂದ್ರ ಸರ್ಕಾರ ಹೇಳಿದ್ದು ಚಾನೆಲ್‌ನವರಿಗಷ್ಟೇ ಅಲ್ಲ, ಸೋಷಿಯಲ್ ಮೀಡಿಯಾ ಬಳಸುವ ನಮಗೂ.

'ಹಾಗಾದರೆ ನಮ್ಮ ಸಂಕಟ ಯಾರಿಗೆ ಹೇಳೋಣ?' ಎಂದು ತಾಯಂದಿರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅಕ್ಕತಂಗಿಯರ ಹತ್ತಿರ ಎದುರಿಗೆ ಕೂತು ಹೇಳಿಕೊಳ್ಳಿ, ಅಳು ಬಂದರೆ ಅತ್ತುಬಿಡಿ. ಏನಾದರೂ ತಿಳಿಯಬೇಕಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಕೇಳಿ. 'ಹೆಡ್‌ಕ್ವಾರ್ಟರ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಮಗ ಈಗ ಎಲ್ಲಿದ್ದಾನೆ?' ಎಂದು ಯಾರಾದರೂ ಫೋನ್ ಮಾಡಿದರೆ ಉತ್ತರ ಕೊಡಬೇಡಿ. ಮಗ ಎಲ್ಲಿದ್ದಾನೆಂದು ಹೆಡ್‌ಕ್ವಾರ್ಟರ್‌ನವರು ನಿಮ್ಮನ್ನು ಕೇಳಬೇಕಾಗಿಲ್ಲ. ಫೋನ್ ಇಟ್ಟು, ಆ ನಂಬರ್ ಬರೆದುಕೊಂಡು ಪೊಲೀಸರಿಗೆ ಕೊಡಿ.