ಮೊದಲ ಮನೆಗೆ ಸಾಮಾನು: ತುಮಕೂರಾ, ಬೆಂಗಳೂರಾ, ಆನ್‌ಲೈನಾ?

ಪ್ರಶ್ನೆ: ತುಮಕೂರಿನಲ್ಲಿ ಈಗಷ್ಟೇ ಚಿಕ್ಕದೊಂದು ಮನೆ ಮಾಡಿಕೊಂಡಿದ್ದೇವೆ. ಮೊದಲ ಮಹಡಿ, ಎರಡು ಬೆಡ್‌ರೂಂ. ಸೋಫಾ, ಮಂಚ, ವಾರ್ಡ್‌ರೋಬ್, ಪರದೆ, ಲೈಟು ಎಲ್ಲಾ ಆಗಬೇಕು. ಸಾಲದ ಕಂತು ಶುರುವಾಗಿದೆ, ಕೈ ಬಿಗಿ. ಅತ್ತೆ ಮನೆಯವರು ಇಲ್ಲೇ ತಗೊಳ್ಳಿ ಅಂತಾರೆ, ಪಕ್ಕದ ಮನೆಯವರು ಬೆಂಗಳೂರಲ್ಲಿ ಅರ್ಧ ರೇಟು ಅಂತಾರೆ, ನನ್ನ ತಮ್ಮ ಎಲ್ಲಾ ಆನ್‌ಲೈನಲ್ಲೇ ಆರ್ಡರ್ ಮಾಡು ಅಂತಾನೆ. ಯಾವುದನ್ನು ಎಲ್ಲಿ ತಗೊಂಡರೆ ಒಳ್ಳೆಯದು?

ಉತ್ತರ: ರೇಟಿನ ಮಾತು ಆಮೇಲೆ. ಒಂದೊಂದು ಸಾಮಾನಿಗೂ ಮೊದಲು ಇದನ್ನು ಕೇಳಿಕೊಳ್ಳಿ: ನಾಳೆ ಇದು ಕೈಕೊಟ್ಟರೆ ಮನೆಗೆ ಬಂದು ಸರಿ ಮಾಡಿಕೊಡುವವರು ಯಾರು? ವಾರ್ಡ್‌ರೋಬ್ ಬಾಗಿಲ ಹಿಂಜ್ ಸಡಿಲವಾಗುತ್ತದೆ, ಡ್ರಾಯರ್ ಸಿಕ್ಕಿಕೊಳ್ಳುತ್ತದೆ, ಮಂಚ ಕಿರ್ ಅನ್ನುತ್ತದೆ, ಸೋಫಾ ಕುಸಿಯುತ್ತದೆ. ಇವೆಲ್ಲ ಇವತ್ತಲ್ಲ ನಾಳೆ ಆಗುವಂಥವೇ. ಇಂಥ ಸಾಮಾನು ಊರಲ್ಲೇ ಆಗಲಿ, ಫೋನ್ ಮಾಡಿದರೆ ಸ್ಕೂಟರ್ ಹತ್ತಿ ಬರುವಷ್ಟು ಹತ್ತಿರ ಇರುವವರ ಕೈಯಲ್ಲಿ. ಕೆಡದೇ ಇರುವಂಥದ್ದು, ಇಲ್ಲಾ ಕೆಟ್ಟರೆ ಇನ್ನೊಂದು ತಂದರಾಯಿತು ಅನ್ನುವಂಥದ್ದನ್ನು ದೂರದಿಂದ ತನ್ನಿ. ಪರದೆ ಬಟ್ಟೆ, ಲೈಟು, ದಿಂಬು, ಕನ್ನಡಿ, ಗೋಡೆಗೆ ಹಾಕುವ ಫ್ರೇಮು ಇವೆಲ್ಲ ಆ ಗುಂಪಿನವು. ಹೀಗೆ ವಿಂಗಡಿಸಿದರೆ ನಿಮ್ಮ ಪಟ್ಟಿಯಲ್ಲಿ ದೊಡ್ಡ ದುಡ್ಡು ಹೋಗುವ ಬಾಬ್ತೆಲ್ಲ ತುಮಕೂರಲ್ಲೇ ಮುಗಿಯುತ್ತದೆ.

'ಬೆಂಗಳೂರಲ್ಲಿ ಅರ್ಧ ರೇಟು' ಅನ್ನುವವರು ಟಾಟಾ ಏಸ್ ಬಾಡಿಗೆ ಹೇಳುವುದಿಲ್ಲ, ನೋಡಿ. 70 ಕಿ.ಮೀ. ದಾರಿ, ಟೋಲ್, ಹತ್ತಿಸುವವರ ಕೂಲಿ, ಇಳಿಸುವವರ ಕೂಲಿ, ನಿಮ್ಮದು ಮೊದಲ ಮಹಡಿ ಅಂದ ಕೂಡಲೇ ಅದಕ್ಕೆ ಬೇರೆ. ಎಲ್ಲಾ ಕೂಡಿಸಿ, ಆಮೇಲೆ ಹೋಲಿಸಿ.

ವಾರ್ಡ್‌ರೋಬ್, ಅಡುಗೆಮನೆ ಕಬೋರ್ಡ್, ಟಿವಿ ಯೂನಿಟ್ ಇವಕ್ಕೆ ಸ್ಥಳೀಯ ಆಚಾರ್ರೇ ಸರಿ. ಗೋಡೆ ಅಳತೆಗೆ ಸರಿಯಾಗಿ ಕೂರಿಸುತ್ತಾರೆ, ಮೂಲೆಯಲ್ಲಿ ಪಿಲ್ಲರ್ ಮುಂದಕ್ಕೆ ಬಂದಿದ್ದರೂ ಅದಕ್ಕೆ ತಕ್ಕ ಹಾಗೆ ಕತ್ತರಿಸುತ್ತಾರೆ. ಇಲ್ಲಿ ಎರಡು ಥರದ ಒಪ್ಪಂದ ನಡೆಯುತ್ತದೆ. ಒಂದು, ಸಾಮಾನು ನೀವು ಕೊಡಿಸಿ ಕೂಲಿ ಮಾತ್ರ ಅವರಿಗೆ. ಇನ್ನೊಂದು, ಚದರಡಿಗೆ ಇಷ್ಟು ಅಂತ ಸಾಮಾನೂ ಸೇರಿಸಿ. ಓಡಾಡುವ ಪುರುಸೊತ್ತು ಇದ್ದರೆ ಮೊದಲನೆಯದೇ ವಾಸಿ. 'ವಿತ್ ಮೆಟೀರಿಯಲ್' ಅಂತ ಒಪ್ಪಿಸಿದರೆ, ಮೇಲೆ ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗೆ ಯಾವ ಪ್ಲೈ ಹೋಯಿತು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಎಲ್ಲರೂ ಮೋಸ ಮಾಡುತ್ತಾರೆ ಅಂತಲ್ಲ. ಆದರೆ ಗಿರಾಕಿ ಕರೆತಂದ ಆಚಾರ್ರಿಗೆ ಅಂಗಡಿಯವರು ಕಮಿಷನ್ ಕೊಡುವುದು ಈ ವ್ಯವಹಾರದಲ್ಲಿ ಗುಟ್ಟೇನೂ ಅಲ್ವಲ್ಲ.

ಪ್ಲೈ ಅಂಗಡಿಗೆ ಹೋದಾಗ ಗುಣಮಟ್ಟದ ಎರಡು ಸರ್ಕಾರಿ ನಂಬರ್ ನೆನಪಿರಲಿ: ಐಎಸ್ 303, ಐಎಸ್ 710. 303ರಲ್ಲಿ ಎಂಆರ್, ಬಿಡಬ್ಲ್ಯೂಆರ್ ಅಂತ ಎರಡು ದರ್ಜೆ. ಎಂಆರ್ ಅಂದರೆ ತೇವದ ಗಾಳಿ ತಡೆಯುತ್ತದೆ ಅಷ್ಟೇ, ನೀರು ಬಿದ್ದರೆ ಉಬ್ಬುತ್ತದೆ. ಬಿಡಬ್ಲ್ಯೂಆರ್ ಅದಕ್ಕಿಂತ ಗಟ್ಟಿ. 710 ಅಂದರೆ ಮರೈನ್ ಪ್ಲೈ. 72 ಗಂಟೆ ಕುದಿಯುವ ನೀರಲ್ಲಿ ಹಾಕಿದರೂ ಪದರ ಬಿಡಬಾರದು ಅನ್ನುವುದು ಅದರ ಪರೀಕ್ಷೆ. ಸಿಂಕ್ ಕೆಳಗಿನ ಕಬೋರ್ಡಿಗೆ 710 ಹಾಕಿ. ಬಾತ್‌ರೂಂ ಗೋಡೆಗೆ ಒತ್ತಿಕೊಂಡು ನಿಲ್ಲುವ ವಾರ್ಡ್‌ರೋಬ್‌ಗೂ ಅದೇ, ಇಲ್ಲಾ ಕನಿಷ್ಠ ಬಿಡಬ್ಲ್ಯೂಆರ್. ಹಾಲಿನ ಟಿವಿ ಯೂನಿಟ್‌ಗೆ ಮರೈನ್ ಹಾಕಿಸುವುದು ಸುಮ್ನೆ ದುಡ್ಡು ದಂಡ, ಅಲ್ಲಿ ಎಂಆರ್ ಸಾಕು. ಶೀಟಿನ ಮೇಲೆ ಐಎಸ್‌ಐ ಮುದ್ರೆ, ಐಎಸ್ ನಂಬರ್, ಜೊತೆಗೆ 'ಸಿಎಂ/ಎಲ್' ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಅಂಗಡಿಯಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು, ಕಂಪನಿ ಹೆಸರು ಬರುತ್ತದೆ. ಸಂಕೋಚ ಬೇಡ. ಟೇಪ್ ಹಿಡಿದು ದಪ್ಪವನ್ನೂ ಅಳೆಯಿರಿ, 18 ಎಂಎಂ ಅಂತ ಹೇಳಿ 16 ಕೊಡುವುದುಂಟು. ಶೀಟಿನ ಅಂಚು ನೋಡಿ. ಪದರಗಳ ನಡುವೆ ಸಂದು, ಟೊಳ್ಳು ಕಂಡರೆ ಪಕ್ಕಕ್ಕಿಡಿ.

ಎಷ್ಟು ಶೀಟು ಬೇಕು ಅನ್ನುವುದನ್ನು ನೀವೇ ಅಂದಾಜು ಮಾಡಿಕೊಳ್ಳಬಹುದು. ಪ್ಲೈ ಶೀಟು 8 ಅಡಿ, 4 ಅಡಿ, ಅಂದರೆ 32 ಚದರಡಿ. 7 ಅಡಿ ಎತ್ತರ, 6 ಅಡಿ ಅಗಲ, 2 ಅಡಿ ಆಳದ ವಾರ್ಡ್‌ರೋಬ್ ಅಂದುಕೊಳ್ಳಿ. ಎರಡು ಪಕ್ಕ, ನಡುವೆ ಒಂದು ಗೋಡೆ: 42 ಚದರಡಿ. ಮೇಲೆ ಕೆಳಗೆ: 24. ಎಡಬಲ ಸೇರಿ ಆರು ಶೆಲ್ಫ್: 36. ಬಾಗಿಲು: 42. ಒಟ್ಟು 144, ಅಂದರೆ ನಾಲ್ಕೂವರೆ ಶೀಟು. ಕತ್ತರಿಸುವಾಗ ತುಂಡು ಉಳಿಯುವುದರಿಂದ 18 ಎಂಎಂ ಶೀಟು 6 ಅಂತಿಟ್ಟುಕೊಳ್ಳಿ, ಹಿಂಭಾಗಕ್ಕೆ 6 ಎಂಎಂ ಶೀಟು 2. ಆಚಾರ್ರು ಎಂಟು, ಒಂಬತ್ತು ಅಂದರೆ ಜಗಳ ಬೇಡ, 'ಯಾವುದಕ್ಕೆ ಎಷ್ಟು ಸ್ವಾಮಿ, ಒಂದು ಚೀಟಿಯಲ್ಲಿ ಬರೆದುಕೊಡಿ' ಅಂತ ಕೇಳಿ, ಸಾಕು. ಅಂಗಡಿಯವರ ಹತ್ತಿರ ಕತ್ತರಿಸದೆ ಉಳಿದ ಶೀಟು ವಾಪಸ್ ತಗೊಳ್ಳುತ್ತೀರಾ ಅಂತ ಮೊದಲೇ ಮಾತಾಡಿಕೊಂಡಿರಿ. ಹಿಂಜು, ಡ್ರಾಯರ್ ಚಾನೆಲ್ ಇವುಗಳಲ್ಲಿ ಮಾತ್ರ ಕಂಜೂಸ್ ಮಾಡಬೇಡಿ. ದಿನಾ ಎಳೆದಾಡುವುದು ಅವನ್ನೇ.

ಗಟ್ಟಿ ಮರದ ಸಾಮಾನು ಬೇಕೇ? ಹಾಗಾದರೆ ಅಂಗಡಿಗೆ ಹೋಗುವ ಮೊದಲು ನಿಮ್ಮ ಹಳ್ಳಿಗೆ ಫೋನ್ ಮಾಡಿ. ಚೇಳೂರು, ಗುಬ್ಬಿ ಕಡೆ ಹಲಸು ಅಂದರೆ ಎಲ್ಲರಿಗೂ ಹಣ್ಣೇ ನೆನಪಾಗುವುದು. ಆದರೆ ಹಲಸಿನ ಮರ ಪೀಠೋಪಕರಣಕ್ಕೆ ಬಹಳ ಒಳ್ಳೆಯದು, ಅದರ ಚೇಗಿಗೆ (ಮರದ ನಡುವಿನ ಗಟ್ಟಿ ಭಾಗ) ಗೆದ್ದಲು ಅಷ್ಟು ಸುಲಭಕ್ಕೆ ಹತ್ತುವುದಿಲ್ಲ, ಹಳದಿ ಬಣ್ಣ ವರ್ಷ ಕಳೆದಂತೆ ಕಂದಾಗುತ್ತಾ ಹೋಗುತ್ತದೆ. ದೇವರ ಮಂಟಪಕ್ಕೆ, ದಿವಾನಕ್ಕೆ, ಊಟದ ಮೇಜಿಗೆ ಚೆನ್ನಾಗಿರುತ್ತದೆ. ತೋಟದಲ್ಲಿ ಗಾಳಿಗೆ ಬಿದ್ದ ಹಲಸೋ ಬೇವೋ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ, ಸಾಮಿಲ್‌ನಲ್ಲಿ ಕೊಯ್ಸಿದರಾಯಿತು. ನಿಂತ ಮರ ಕಡಿಸುವುದಾದರೆ ಮಾತ್ರ ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ. ಸ್ವಂತ ಜಮೀನಿನ ಮರಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಕೆಲವು ಜಾತಿಗೆ ವಿನಾಯಿತಿ ಇದೆ, ತೇಗಕ್ಕಂತೂ ಅನುಮತಿ ಬೇಕೇ ಬೇಕು. ಇನ್ನೊಂದು ವಿಷಯ, ಹಸಿ ಮರದಲ್ಲಿ ಯಾವತ್ತೂ ಕೆಲಸ ಮಾಡಿಸಬೇಡಿ. ಹಲಗೆ ಒಂದು ಇಂಚು ದಪ್ಪ ಇದ್ದರೆ ನೆರಳಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕು ಅನ್ನುವುದು ಮರಗೆಲಸದವರ ಹಳೇ ಲೆಕ್ಕ. ಅವಸರ ಮಾಡಿದರೆ ಮೊದಲ ಬೇಸಿಗೆಗೇ ಸೀಳು ಬಿಡುತ್ತದೆ, ಬಾಗಿಲು ಸೊಟ್ಟಗಾಗುತ್ತದೆ. ಅಷ್ಟು ಕಾಯುವ ಹಾಗಿಲ್ಲದಿದ್ದರೆ ಹಳೇ ಮನೆ ಕೆಡವಿದ ಮರ ಮಾರುವವರನ್ನು ಹುಡುಕಿ. ಹಳೇ ತೊಲೆ, ಹಳೇ ಬಾಗಿಲು ದಶಕಗಟ್ಟಲೆ ಒಣಗಿರುವ ಮರ. ಮೊಳೆ ಕೀಳುವ ಕೂಲಿ ಜಾಸ್ತಿ ಬೀಳುತ್ತದೆ, ಬೀಳಲಿ.

ಮರ ಕೊಳ್ಳುವಾಗ ಲೆಕ್ಕ ಘನ ಅಡಿಯಲ್ಲಿ, ಅಂಗಡಿಯವರ ಬಾಯಲ್ಲಿ ಸಿಎಫ್‌ಟಿ. ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಮೊಬೈಲ್ ತೆಗೆದು ನೀವೇ ಲೆಕ್ಕ ಹಾಕುತ್ತಾ ನಿಂತರೆ ಎದುರಿನವರೂ ಸ್ವಲ್ಪ ಹುಷಾರಾಗುತ್ತಾರೆ.

ಸೋಫಾ ರೆಡಿಮೇಡ್ ತಗೊಳ್ಳುವುದಾದರೆ ಬಿ.ಎಚ್. ರಸ್ತೆಯ ಶೋರೂಂಗಳನ್ನೆಲ್ಲ ಒಂದು ಸುತ್ತು ಹಾಕಿ, ಕೂತು ನೋಡಿ, ಮಾಡೆಲ್ ಮನಸ್ಸಿಗೆ ಬರಲಿ, ಆದರೆ ಅವತ್ತೇ ಅಡ್ವಾನ್ಸ್ ಕೊಡಬೇಡಿ. ಅದೇ ಮಾಡೆಲ್ಲನ್ನು ಕುಶನ್ ಕೆಲಸದವರ ಹತ್ತಿರ ಮಾಡಿಸಿದರೆ ಎಷ್ಟಾಗುತ್ತದೆ ಅಂತ ಕೇಳಿ. ಸೋಫಾದ ಗುಣ ಇರುವುದು ಬಟ್ಟೆಯಲ್ಲಲ್ಲ, ಒಳಗಿನ ಚೌಕಟ್ಟಿನಲ್ಲಿ. ಮುಂದಿನ ಒಂದು ಕಾಲು ಹಿಡಿದು ಸ್ವಲ್ಪ ಎತ್ತಿ ನೋಡಿ. ಪಕ್ಕದ ಕಾಲೂ ಜೊತೆಗೇ ಎದ್ದರೆ ಚೌಕಟ್ಟು ಬಿಗಿಯಾಗಿದೆ, ಅದು ನೆಲದಲ್ಲೇ ಉಳಿದು ಚೌಕಟ್ಟು ತಿರುಚಿಕೊಂಡರೆ ಬಿಟ್ಟುಬಿಡಿ. ಬೋರಲು ಹಾಕಿಸಿ ಅಡಿಯ ಕಪ್ಪು ಬಟ್ಟೆ ಮುಟ್ಟಿ ನೋಡಿ, ಮೂಲೆಯಲ್ಲಿ ಹಿಟ್ಟಿನಂಥ ಪುಡಿ ಉದುರಿದರೆ ಮರಕ್ಕೆ ಹುಳ ಬಿದ್ದಿದೆ ಅಂತ ಅರ್ಥ. ಅಗ್ಗದ 'ಜಂಗಲ್ ವುಡ್'ನಲ್ಲಿ ಇದು ಹೊಸ ಸೋಫಾದಲ್ಲೂ ಇರುತ್ತದೆ. ಫೋಮ್ ಯಾವುದು ಅಂತ ಕೇಳಿದರೆ 'ಒಳ್ಳೇದೇ ಮೇಡಂ' ಅನ್ನುತ್ತಾರೆ. ಡೆನ್ಸಿಟಿ, ಅಂದರೆ ಘನ ಮೀಟರಿಗೆ ಎಷ್ಟು ಕೆ.ಜಿ. ಅಂತ ಕೇಳಿ. ಕೂರುವ ಭಾಗಕ್ಕೆ 32ಕ್ಕಿಂತ ಕಡಿಮೆ ಬೇಡ, 40 ಆದರೆ ಒಳ್ಳೆಯದು. ಆ ನಂಬರನ್ನು ಬಿಲ್ಲಿನಲ್ಲಿ ಬರೆಸಿ. ಎಲ್ಲಕ್ಕಿಂತ ಮೊದಲು ನಿಮ್ಮ ಮೆಟ್ಟಿಲಿನ ತಿರುವು ಅಳೆದುಕೊಂಡು ಹೋಗಿ. ಅಲ್ಲಿ ಸೋಫಾ ತಿರುಗದೇ ಬಾಲ್ಕನಿಯಿಂದ ಹಗ್ಗ ಕಟ್ಟಿ ಎಳೆಸುವುದು ತುಮಕೂರಿನ ಎಲ್ಲಾ ಬಡಾವಣೆಯಲ್ಲೂ ನಡೆಯುವ ಸರ್ಕಸ್ಸು.

ಬೀರು ತಗೊಳ್ಳುವಾಗ ತಗಡಿನ ಗೇಜ್ ಕೇಳಿ. ಗೇಜ್ ನಂಬರ್ ಜಾಸ್ತಿಯಾದಷ್ಟೂ ತಗಡು ತೆಳ್ಳಗೆ, ಇದು ಗೊತ್ತಿಲ್ಲದೆ '24 ಗೇಜು ಕೊಡಿ' ಅಂತ ಕೇಳುವವರಿದ್ದಾರೆ. 22 ಇದ್ದರೆ 24ಕ್ಕಿಂತ ಗಟ್ಟಿ. ಹಾಸಿಗೆಗೆ ತೆಂಗಿನ ನಾರಿನ ಮ್ಯಾಟ್ರೆಸ್ ನೋಡಿ, ಬೆನ್ನಿಗೆ ಗಟ್ಟಿಯಾಗಿರುತ್ತದೆ, ಸೆಕೆಗೂ ಒಳ್ಳೆಯದು. ಎರಡನೇ ಬೆಡ್‌ರೂಮಿಗೆ ಸೆಕೆಂಡ್ ಹ್ಯಾಂಡ್ ಮಂಚ, ಓದುವ ಮೇಜು ಸಾಕು. ಕಾಲೇಜು ಇರುವ ಊರು ನಮ್ಮದು, ಪರೀಕ್ಷೆ ಮುಗಿದ ಮೇಲೆ ರೂಂ ಖಾಲಿ ಮಾಡುವ ಹುಡುಗರು ಸಿಕ್ಕಿದ ರೇಟಿಗೆ ಕೊಟ್ಟು ಹೋಗುತ್ತಾರೆ.

ಈಗ ಬೆಂಗಳೂರು. ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ನಮ್ಮ ಪುಣ್ಯಕ್ಕೆ ಬೇಕಾದ್ದೆಲ್ಲ ಒಂದೇ ಮೆಟ್ರೋ ಹಸಿರು ಮಾರ್ಗದಲ್ಲಿದೆ. 2024ರ ನವೆಂಬರ್‌ನಿಂದ ಅದು ಮಾದಾವರದವರೆಗೂ ಬಂದಿದೆ. ತುಮಕೂರು ಬಸ್ಸಿಂದ ಅಲ್ಲಿ ಇಳಿದು ಮೆಟ್ರೋ ಹತ್ತಿದರೆ ನಾಗಸಂದ್ರದಲ್ಲಿ ಐಕಿಯಾ ಅನ್ನುವ ದೊಡ್ಡ ಪೀಠೋಪಕರಣ ಮಳಿಗೆ, ಮುಂದೆ ಹೋದರೆ ಚಿಕ್ಕಪೇಟೆ (ನಮ್ಮ ಚಿಕ್ಕಪೇಟೆ ಅಲ್ಲ, ಅವರದು), ಅದರ ಮುಂದಿನ ಸ್ಟೇಷನ್ ಕೆ.ಆರ್. ಮಾರ್ಕೆಟ್. ಪರದೆ ಬಟ್ಟೆ, ಬೆಡ್‌ಶೀಟು ಚಿಕ್ಕಪೇಟೆಯಲ್ಲಿ. ಮಾರ್ಕೆಟ್ ಪಕ್ಕದ ಎಸ್.ಜೆ.ಪಿ. ರಸ್ತೆಯಲ್ಲಿ ಲೈಟು, ಸ್ವಿಚ್ಚು, ಹಿಡಿಕೆ, ಚಿಲಕ. ಎಲ್ಲಾ ಕೈಚೀಲದಲ್ಲಿ ಹಿಡಿಸುವಂಥವೇ, ಟೆಂಪೋ ಬೇಕಾಗಿಲ್ಲ. ಪರದೆಗೆ ಕಿಟಕಿಯ ಅಗಲದಷ್ಟೇ ಬಟ್ಟೆ ತಂದರೆ ನೆರಿಗೆ ಬರದೆ ಬ್ಯಾನರ್ ಹಾಗೆ ಕಾಣುತ್ತದೆ. ಅಗಲದ ಒಂದೂವರೆಯಿಂದ ಎರಡು ಪಟ್ಟು ಬೇಕು. ಹೊಲಿಗೆ ತುಮಕೂರಲ್ಲೇ ಹಾಕಿಸಿ, ಉದ್ದ ಹೆಚ್ಚುಕಮ್ಮಿ ಆದರೆ ಅರ್ಧ ಗಂಟೆಯಲ್ಲಿ ಸರಿಯಾಗುತ್ತದೆ.

ಐಕಿಯಾ 2022ರಲ್ಲಿ ಶುರುವಾದಾಗಿನಿಂದ ನಮ್ಮ ಕಡೆಯವರಿಗೆ ಅದೊಂದು ಭಾನುವಾರದ ಟ್ರಿಪ್ ಆಗಿದೆ. ಡಬ್ಬ, ಹ್ಯಾಂಗರ್, ದೀಪ, ಕುರ್ಚಿ, ಚಿಕ್ಕ ಶೆಲ್ಫ್ ಇವೆಲ್ಲ ಅಲ್ಲಿ ಚೆನ್ನಾಗಿವೆ, ಜಾಗ ಹೇಗೆ ಹೊಂದಿಸಬೇಕು ಅಂತ ನೋಡಿ ಕಲಿಯುವುದಕ್ಕೂ ಒಳ್ಳೆಯದು. ಆದರೆ ಕಡಿಮೆ ಬೆಲೆಯ ದೊಡ್ಡ ಸಾಮಾನು ಹೆಚ್ಚಿನವು ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಚೂರು ಅಂಟಿಸಿ ಒತ್ತಿದ ಹಲಗೆಯವು. ಒಮ್ಮೆ ಜೋಡಿಸಿದ ಮೇಲೆ ಬಿಚ್ಚಿ ಜೋಡಿಸಿದರೆ ಸ್ಕ್ರೂ ಹಿಡಿತ ಕಡಿಮೆಯಾಗುತ್ತದೆ, ನೆಲ ಒರೆಸುವ ನೀರು ದಿನಾ ತಾಗಿದರೆ ಅಡಿಯಿಂದ ಊದುತ್ತದೆ. ಮಂಚ ತಗೊಳ್ಳುವುದಾದರೆ ಅಳತೆ ನೋಡಿ. ಅಲ್ಲಿ 180 ಸೆಂ.ಮೀ. ಅಗಲ, 200 ಉದ್ದದ ಲೆಕ್ಕ. ನಮ್ಮ ಅಂಗಡಿಗಳ 72 ಇಂಚು, 78 ಇಂಚಿನ ಹಾಸಿಗೆ ಅಂದರೆ ಹತ್ತಿರ ಹತ್ತಿರ 183, 198. ಮೂರು ಸೆಂ.ಮೀ. ಅಗಲ ಹೆಚ್ಚಾದರೆ ಚೌಕಟ್ಟಿನೊಳಗೆ ಹಾಸಿಗೆ ಉಬ್ಬಿಕೊಂಡೇ ಕೂರುತ್ತದೆ.

ನಿಮ್ಮ ತಮ್ಮನ ಮಾತಿಗೆ ಬಂದರೆ, ಮಿಕ್ಸಿ, ಫ್ಯಾನು, ಶೂ ರ್‍ಯಾಕ್ ಥರದ್ದನ್ನು ಅವನೇ ಆರ್ಡರ್ ಮಾಡಲಿ. ಸೋಫಾ ಬೇಡ. ದೊಡ್ಡ ಸಾಮಾನು ವಾಪಸ್ ಕಳಿಸುವ ಒದ್ದಾಟ ಯಾವ ಡಿಸ್ಕೌಂಟಿಗೂ ತಕ್ಕುದಲ್ಲ.

ಟೈಮಿಂಗ್ ಬಗ್ಗೆ ಒಂದು ಮಾತು. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಅಂಗಡಿ ಖಾಲಿ ಹೊಡೆಯುತ್ತದೆ, ಆಗ ಚೌಕಾಸಿಗೆ ಬಗ್ಗುತ್ತಾರೆ. ಆಷಾಢದಲ್ಲಿ ಮಂಚ ಮನೆಗೆ ತರಬಾರದು ಅಂತ ಹಿರಿಯರು ಬೇಡ ಅಂದರೆ ಆಗ ಬುಕ್ ಮಾಡಿ, ಶ್ರಾವಣದಲ್ಲಿ ಇಳಿಸಿಕೊಳ್ಳಿ. ಯಾವ ತಾರೀಖಿಗೆ ಕೊಡುತ್ತಾರೆ ಅನ್ನುವುದನ್ನು ರಸೀದಿಯಲ್ಲೇ ಬರೆಸಿ, ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. 'ಬಿಲ್ ಬೇಡ ಅಂದರೆ ಜಿಎಸ್‌ಟಿ ಬಿಡ್ತೀವಿ' ಅಂತ ಕೇಳಿಯೇ ಕೇಳುತ್ತಾರೆ. ಮರದ ಪೀಠೋಪಕರಣಕ್ಕೆ ಜಿಎಸ್‌ಟಿ 18% ಇರುವುದರಿಂದ ಮನಸ್ಸು ಜಾರುವುದು ಸಹಜ. ಆದರೆ ಬಿಲ್ ಇಲ್ಲದಿದ್ದರೆ ವಾರಂಟಿ ಕೇಳುವ ಹಾಗಿಲ್ಲ. ಬಿಲ್ ಇದ್ದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು, ಅಲ್ಲೂ ಬಗೆಹರಿಯದಿದ್ದರೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. ಸಾಮಾನಿಗೆ ಕೊಟ್ಟ ದುಡ್ಡು 5 ಲಕ್ಷ ದಾಟದಿದ್ದರೆ ಅಲ್ಲಿ ಅರ್ಜಿ ಶುಲ್ಕವೂ ಇಲ್ಲ.

ಕೈ ಬಿಗಿ ಅಂದಿರಲ್ಲ, ಅದಕ್ಕೆ ಈ ಕ್ರಮದಲ್ಲಿ ಹೋಗಿ: ಮೊದಲು ಅಡುಗೆಮನೆ ಕಬೋರ್ಡ್, ಒಂದು ವಾರ್ಡ್‌ರೋಬ್, ಒಂದು ಒಳ್ಳೆ ಹಾಸಿಗೆ, ಬೆಡ್‌ರೂಂ ಪರದೆ. ಸೋಫಾ, ಟಿವಿ ಯೂನಿಟ್ ಮುಂದಿನ ಆಷಾಢಕ್ಕೆ ಇರಲಿ, ಅಲ್ಲಿಯವರೆಗೂ ಹಾಲಿಗೆ ಒಂದು ಜಮಖಾನ, ನಾಲ್ಕು ಕುರ್ಚಿ ಸಾಕು.