ಥಾಯ್ಲೆಂಡ್ ರೆಸಾರ್ಟಿನಲ್ಲಿ ಥಾಯ್ ಬದುಕು ಎಷ್ಟು ಸಿಗುತ್ತದೆ?

ಪ್ರಶ್ನೆ: ಡಿಸೆಂಬರ್ ಹೊತ್ತಿಗೆ ಒಂದು ವಾರ ಥಾಯ್ಲೆಂಡ್‌ಗೆ ಹೋಗಬೇಕೆಂದಿದ್ದೇವೆ. ಪಟ್ಟಾಯದ ಗದ್ದಲ ಬೇಡ. ಖರ್ಚು ಸ್ವಲ್ಪ ಜಾಸ್ತಿಯಾದರೂ ಸರಿ, ಕಾಡು, ಆನೆ, ದೇವಸ್ಥಾನ, ಅಡುಗೆ ಎಲ್ಲವನ್ನೂ ತೋರಿಸುವ ಒಳ್ಳೆಯ ರೆಸಾರ್ಟ್ ಬೇಕು. ಆದರೆ ಎಲ್ಲರೂ 'ಅಪ್ಪಟ ಥಾಯ್ ಅನುಭವ' ಎಂದೇ ಬರೆದುಕೊಂಡಿರುತ್ತಾರೆ. ಆರಿಸುವುದು ಹೇಗೆ? ಅಂದಹಾಗೆ, ನಾವು ಸಸ್ಯಾಹಾರಿಗಳು.

ಉತ್ತರ: ರೆಸಾರ್ಟಿನ ಹೆಸರು ಹುಡುಕುವುದನ್ನು ಸದ್ಯಕ್ಕೆ ಬಿಡಿ. ಮೊದಲು ಜಾಗ ಮತ್ತು ತಿಂಗಳನ್ನು ಗಟ್ಟಿ ಮಾಡಿಕೊಳ್ಳಿ. ಹಾಸಿಗೆ, ಈಜುಕೊಳ, ಬೆಳಗಿನ ತಿಂಡಿ ಎಲ್ಲ ದುಬಾರಿ ರೆಸಾರ್ಟಿನಲ್ಲೂ ಚೆನ್ನಾಗಿಯೇ ಇರುತ್ತವೆ. ವ್ಯತ್ಯಾಸ ಇರುವುದು ಗೇಟಿನಾಚೆ ಏನಿದೆ, ಅಲ್ಲಿಗೆ ನಿಮ್ಮನ್ನು ಯಾರು ಕರೆದುಕೊಂಡು ಹೋಗುತ್ತಾರೆ ಎಂಬುದರಲ್ಲಿ.

ದೇಶ ಒಂದೇ ಆದರೂ ಹವೆ ಮೂರು ಬಗೆಯದು. ಉತ್ತರದ ಚಿಯಾಂಗ್ ಮಾಯ್, ಚಿಯಾಂಗ್ ರಾಯ್ ಕಡೆ ನವೆಂಬರಿನಿಂದ ಜನವರಿವರೆಗೆ ಹಿತವಾದ ಚಳಿ, ಒಣಹವೆ. ಫೆಬ್ರವರಿ ನಡುವಿನಿಂದ ಏಪ್ರಿಲ್‌ವರೆಗೆ ಹೊಲದ ಕೂಳೆಗೂ ಕಾಡಿನ ತರಗೆಲೆಗೂ ಬೆಂಕಿ ಬೀಳುತ್ತದೆ, ಗಡಿಯಾಚೆಯ ಮ್ಯಾನ್ಮಾರ್ ಮತ್ತು ಲಾವೋಸ್‌ನ ಹೊಗೆಯೂ ಬಂದು ಸೇರುತ್ತದೆ. ಕಣಿವೆಯಲ್ಲಿ ಗಾಳಿಯಾಡದೆ ಹೊಗೆ ಅಲ್ಲೇ ಕೂರುತ್ತದೆ. ಗುಡ್ಡ ನೋಡಲು ಹೋದವರಿಗೆ ಗುಡ್ಡವೇ ಕಾಣುವುದಿಲ್ಲ. ಮಾರ್ಚ್‌ನಲ್ಲಿ ಅಲ್ಲಿನ ಒಳ್ಳೆಯ ರೆಸಾರ್ಟ್ ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗುವ ಮೊದಲು ಇದು ನೆನಪಿರಲಿ.

ಫುಕೆಟ್, ಕ್ರಾಬಿ, ಫಾಂಗ್ ಙಾ ಇರುವ ಅಂಡಮಾನ್ ಕರಾವಳಿಗೆ ನವೆಂಬರ್–ಏಪ್ರಿಲ್ ಸರಿಯಾದ ಕಾಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿ ನೈಋತ್ಯ ಮುಂಗಾರು. ಸಿಮಿಲಾನ್ ದ್ವೀಪಗಳನ್ನು ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿಯೇ ಬಿಡುತ್ತಾರೆ. ಎದುರು ದಡದ ಕೊ ಸಮುಯಿಗೆ ಲೆಕ್ಕ ತಿರುಗುಮುರುಗು: ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಜಡಿಮಳೆ. ಆದ್ದರಿಂದ ಡಿಸೆಂಬರಿಗೆ ಸಮುಯಿ ಪಟ್ಟಿಯಿಂದ ಹೊರಗೆ.

ಒಂದು ವಾರಕ್ಕೆ ಎರಡು ನೆಲೆ ಸಾಕು: ಉತ್ತರದ ಗೋಲ್ಡನ್ ಟ್ರಯಾಂಗಲ್‌ನಲ್ಲಿ ಮೂರು ರಾತ್ರಿ, ದಕ್ಷಿಣದ ಖಾವ್ ಸೋಕ್ ಕಾಡಿನ ಸುತ್ತ ಮೂರು ರಾತ್ರಿ. ಜೊತೆಗೆ ವಯಸ್ಸಾದವರಿದ್ದರೆ ಒಂದೇ ನೆಲೆ ಆರಿಸಿಕೊಳ್ಳಿ. ನಡುವೆ ಎರಡು ವಿಮಾನ, ಒಂದು ಕಾರು, ಒಂದು ದೋಣಿ ಎಂದರೆ ಇಡೀ ಒಂದು ದಿನ ಹೋಯಿತು.

ಗೋಲ್ಡನ್ ಟ್ರಯಾಂಗಲ್ ಎಂದರೆ ರುವಾಕ್ ನದಿ ಮೆಕಾಂಗನ್ನು ಸೇರುವ ಜಾಗ. ಎದುರಿಗೆ ಮ್ಯಾನ್ಮಾರ್, ಪಕ್ಕಕ್ಕೆ ಲಾವೋಸ್. ಚಿಯಾಂಗ್ ರಾಯ್ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಒಂದು ಗಂಟೆಗೂ ಸ್ವಲ್ಪ ಹೆಚ್ಚು. ಫೋರ್ ಸೀಸನ್ಸ್‌ನ ಡೇರೆ ಶಿಬಿರ, ಅನಂತರಾದ ಆನೆ ಶಿಬಿರವಿರುವ ರೆಸಾರ್ಟ್ ಎರಡೂ ಇಲ್ಲೇ ಇವೆ. ಈ ಜಾಗವನ್ನು ಮೊದಲಿಗೆ ಹೇಳಲು ಕಾರಣ ಸುತ್ತಲಿನ ಊರುಗಳು. ಅಫೀಮಿನ ಇತಿಹಾಸವನ್ನು ಮುಚ್ಚುಮರೆಯಿಲ್ಲದೆ ಹೇಳುವ ಹಾಲ್ ಆಫ್ ಓಪಿಯಂ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಗಸಗಸೆ ಬೆಳೆಯುತ್ತಿದ್ದ ದೋಯ್ ತುಂಗ್ ಬೆಟ್ಟದಲ್ಲಿ ರಾಜಮಾತೆ ಶ್ರೀನಗರಿಂದ್ರಾ ಅವರ ಯೋಜನೆ ಶುರುವಾದದ್ದು 1988ರಲ್ಲಿ. ಇವತ್ತು ಅಲ್ಲಿ ಕಾಫಿ, ಮಕಡೇಮಿಯಾ ಬೆಳೆಯುತ್ತಾರೆ, ಕೈಮಗ್ಗವೂ ನಡೆಯುತ್ತದೆ. ಕೊಡಗು, ಚಿಕ್ಕಮಗಳೂರಿನ ತೋಟದವರಿಗಂತೂ ಅಲ್ಲಿ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಚಿಯಾಂಗ್ ರಾಯ್‌ನ 'ಬಿಳಿ ದೇವಾಲಯ'ವನ್ನು ಎಲ್ಲ ರೆಸಾರ್ಟಿನವರೂ ತೋರಿಸುತ್ತಾರೆ. ನೋಡಬೇಕಾದದ್ದೇ, ಆದರೆ ಪುರಾತನವೆಂದುಕೊಳ್ಳಬೇಡಿ. ಕಲಾವಿದ ಚಲೇಮ್‌ಚಾಯ್ ಕೋಸಿತ್‌ಪಿಪಟ್ ಅದನ್ನು ಶುರು ಮಾಡಿದ್ದು 1997ರಲ್ಲಿ. ಹಳೆಯದು ಬೇಕಿದ್ದರೆ ಚಿಯಾಂಗ್ ಸೇನ್‌ಗೆ ಹೋಗಿ. ಊರಿನ ಕೋಟೆಗೋಡೆ, ಸ್ತೂಪಗಳು ತೇಗದ ಮರಗಳ ನಡುವೆ ಇವೆ, ಜನಜಂಗುಳಿಯೂ ಇರುವುದಿಲ್ಲ.

ಇನ್ನು ಆನೆ. ಹೆಚ್ಚು ದುಡ್ಡು ಕೈಬದಲಾಗುವುದೂ, ಹೆಚ್ಚು ಸುಳ್ಳು ಹೇಳುವುದೂ ಈ ವಿಷಯದಲ್ಲೇ. 1989ರಲ್ಲಿ ಥಾಯ್ಲೆಂಡ್ ಸರ್ಕಾರ ಕಾಡಿನ ಮರ ಕಡಿಯುವುದನ್ನು ನಿಷೇಧಿಸಿತು. ದಿಮ್ಮಿ ಎಳೆಯುತ್ತಿದ್ದ ಆನೆಗಳೂ ಅವುಗಳ ಮಾವುತರೂ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ದಿನಕ್ಕೆ ಒಂದೂವರೆ ಕ್ವಿಂಟಲ್ ಮೇವು ಬೇಡುವ ಪ್ರಾಣಿಯನ್ನು ಸಾಕುವ ದಾರಿ ಪ್ರವಾಸಿಗರೇ ಆದರು. ಹಾಗಾಗಿ 'ಆನೆ ಶಿಬಿರವೇ ತಪ್ಪು' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭವಲ್ಲ. ಆದರೆ 'ಅಭಯಧಾಮ' ಎಂಬ ಬೋರ್ಡ್ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಬುಕ್ ಮಾಡುವ ಮೊದಲು ಇ-ಮೇಲ್‌ನಲ್ಲಿ ಕೇಳಿ: ಆನೆ ದಿನಕ್ಕೆ ಎಷ್ಟು ಗಂಟೆ ತನ್ನಷ್ಟಕ್ಕೆ ಮೇಯುತ್ತದೆ? ರಾತ್ರಿ ಸರಪಳಿ ಎಷ್ಟು ಉದ್ದ, ಇಲ್ಲಾ ಬೇಲಿಯೊಳಗೆ ಬಿಡುತ್ತೀರಾ? ಒಂದು ಆನೆಗೆ ದಿನಕ್ಕೆ ಎಷ್ಟು ಗುಂಪು ಪ್ರವಾಸಿಗರು? ಮಾವುತರ ಮನೆಯವರು ಎಲ್ಲಿ ಇರುತ್ತಾರೆ? ಅಂಕಿ ಸಮೇತ ಉತ್ತರ ಬಂದರೆ ಮುಂದುವರಿಯಿರಿ. 'ನಮ್ಮ ಆನೆಗಳು ತುಂಬಾ ಖುಷಿಯಾಗಿವೆ' ಎಂದಷ್ಟೇ ಬಂದರೆ ಬಿಡಿ.

ಬೆನ್ನ ಮೇಲೆ ಕುರ್ಚಿ ಕಟ್ಟಿ ಸವಾರಿ, ಸೊಂಡಿಲಿನಿಂದ ಚಿತ್ರ ಬರೆಸುವುದು, ಚೆಂಡಾಟ ಇದ್ದಲ್ಲಿಗೆ ಹೋಗಬೇಡಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಸ್ನಾನ ಮಾಡಿಸುವ ಕಾರ್ಯಕ್ರಮದ ಬಗ್ಗೆ ಯಾರೂ ಹೇಳುವುದಿಲ್ಲ. ನೀರಿಗಿಳಿದು ಮೈಯುಜ್ಜಿಕೊಳ್ಳುವುದು ಆನೆಗೆ ತಾನೇ ಗೊತ್ತು. ಗುಂಪಿನ ಮೇಲೆ ಗುಂಪು ಬಂದು ದಿನಕ್ಕೆ ಹಲವು ಸಲ ನೀರಿಗಿಳಿಸಿ ಉಜ್ಜಿದರೆ ಅದು ಸವಾರಿಯಂತೆಯೇ ಬಲವಂತದ ಕೆಲಸ. ಅಪಾಯವೂ ಇದೆ: 2025ರ ಜನವರಿಯಲ್ಲಿ ಕೊ ಯಾವ್ ದ್ವೀಪದ ಶಿಬಿರವೊಂದರಲ್ಲಿ ಆನೆಗೆ ಸ್ನಾನ ಮಾಡಿಸುತ್ತಿದ್ದ ಸ್ಪೇನಿನ ಯುವತಿಯೊಬ್ಬರು ಅದರ ದಾಳಿಗೆ ಸಿಕ್ಕಿ ತೀರಿಕೊಂಡರು. ದೂರದಲ್ಲಿ ನಿಂತು, ಆನೆ ಎತ್ತ ಹೋದರೆ ಅತ್ತ ಮಾವುತನ ಜೊತೆ ನಡೆಯುವ ಕಾರ್ಯಕ್ರಮ ಆರಿಸಿ. ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ, ನಿಜ.

ಖಾವ್ ಸೋಕ್ ಬೇರೆಯದೇ ಲೋಕ. ಫುಕೆಟ್ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಎರಡೂವರೆ ಗಂಟೆಯ ಆಸುಪಾಸು. ಉದ್ಯಾನದೊಳಗಿನ ಚಿಯಾವ್ ಲಾನ್ ಸರೋವರದ ನಡುವೆ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗೋಡೆಗಳ ಕೆಳಗೆ ತೇಲುವ ಮನೆಗಳಿವೆ. ಕರಪತ್ರದಲ್ಲಿ ಬರೆಯದ ಸಂಗತಿ: ಈ ಸರೋವರ ಪ್ರಕೃತಿ ಮಾಡಿದ್ದಲ್ಲ, 1987ರಲ್ಲಿ ಮುಗಿದ ರಚ್ಚಪ್ರಫಾ ಅಣೆಕಟ್ಟಿನ ಹಿನ್ನೀರು. ಹಳ್ಳಿಗಳು ಮುಳುಗಿದವು. ನೀರೇರುತ್ತಿದ್ದಾಗ ಬೆಟ್ಟದ ತುದಿಗಳಲ್ಲಿ ಸಿಕ್ಕಿಬಿದ್ದ ಪ್ರಾಣಿಗಳನ್ನು ಹಿಡಿದು ಸಾಗಿಸುವ ಕೆಲಸದ ಮುಂದಾಳಾಗಿದ್ದವರು ವನ್ಯಜೀವಿ ಸಂರಕ್ಷಕ ಸ್ಯೂಬ್ ನಾಕಸಥಿಯನ್. ಆಮೇಲೆ ಅವರು ಇನ್ನೊಂದು ಅಣೆಕಟ್ಟಿನ ಯೋಜನೆಯನ್ನು ಗಟ್ಟಿಯಾಗಿ ವಿರೋಧಿಸಿದರು. ದೋಣಿ ನಡೆಸುವವರನ್ನು ಈ ಬಗ್ಗೆ ಕೇಳಿ ನೋಡಿ, ಮಾತು ಬೆಳೆಯುತ್ತದೆ.

ತೇಲುವ ಮನೆಗಳಲ್ಲಿ ತರತಮ ಬಹಳ. ಉದ್ಯಾನದವರದು ಬಿದಿರಿನ ಗುಡಿಸಲು, ಶೌಚಾಲಯ ಹೊರಗೆ, ಎಲ್ಲರಿಗೂ ಸೇರಿದ್ದು. ಖಾಸಗಿಯವರದು ಏಸಿ, ಒಳಗೇ ಸ್ನಾನದ ಮನೆ ಇರುವ ಕೋಣೆಗಳು. ಮಧ್ಯಮ ದರ್ಜೆಯ ಮನೆಗಳಲ್ಲಿ ವಿದ್ಯುತ್ ಜನರೇಟರಿನದ್ದಾದರೆ ದಿನಕ್ಕೆ ಕೆಲವೇ ಗಂಟೆ ಇರುತ್ತದೆ. 'ಕೋಣೆಗೆ ಕರೆಂಟ್ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ' ಎಂದು ನೇರವಾಗಿ ಕೇಳಿ. ದೊಡ್ಡ ಸೂಟ್‌ಕೇಸನ್ನು ದೋಣಿಗೆ ಹತ್ತಿಸಬೇಡಿ. ಎರಡು ದಿನದ ಬಟ್ಟೆಯನ್ನು ಚಿಕ್ಕ ಚೀಲಕ್ಕೆ ಹಾಕಿಕೊಂಡು ಉಳಿದದ್ದನ್ನು ದಡದಲ್ಲಿ ಬಿಡಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಬೆಳಗ್ಗೆ ಆರಕ್ಕೆ ಹೊರಡುವ ದೋಣಿಯನ್ನು ಮಾತ್ರ ತಪ್ಪಿಸಬೇಡಿ. ಬಾಲವಿಲ್ಲದ ವಾನರಗಳಾದ ಗಿಬ್ಬನ್‌ಗಳು ಕೂಗುವುದು, ಮಂಗಟ್ಟೆ ಹಕ್ಕಿಗಳು ಹಾರುವುದು ಆ ಹೊತ್ತಿಗೇ. ಹತ್ತಕ್ಕೆ ಹೋದರೆ ಬರೀ ನೀರು, ಕಲ್ಲು. ಮಳೆಗಾಲದಲ್ಲಿ ನಾಮ್ ತಲು ಗುಹೆಯೊಳಗೆ ಪ್ರವಾಹ ನುಗ್ಗುವುದರಿಂದ ಅದನ್ನು ಮುಚ್ಚುತ್ತಾರೆ. ಇಂಬಳದ ಕಾಟ ಆಗಲೇ ಜಾಸ್ತಿ.

ಫಾಂಗ್ ಙಾ ಕೊಲ್ಲಿಯನ್ನು ಸೇರಿಸಿಕೊಂಡರೆ, 'ಹಾಂಗ್' ಎನ್ನುವ, ಬಂಡೆಯೊಳಗೆ ಆಕಾಶಕ್ಕೆ ತೆರೆದ ನೀರಿನ ಕೋಣೆಗಳಿಗೆ ಕಯಾಕ್‌ನಲ್ಲಿ ಹೋಗಬಹುದು. ದಾರಿ ಒಂದು ತಗ್ಗು ಸುರಂಗ. ಭರತ ಪೂರ್ತಿ ಏರಿದಾಗ ಸುರಂಗದ ಬಾಯಿ ಮುಚ್ಚುತ್ತದೆ, ಇಳಿತದಲ್ಲಿ ತಳದ ಕೆಸರು. ನಡುವಿನ ಸ್ವಲ್ಪ ಹೊತ್ತು ಮಾತ್ರ ಹಾದಿ, ಅದೂ ದಿನದಿನ ಬದಲಾಗುತ್ತದೆ. 'ದಿನಾ ಬೆಳಗ್ಗೆ ಒಂಬತ್ತಕ್ಕೆ' ಎಂದು ಒಂದೇ ಸಮಯ ಹೇಳುವ ರೆಸಾರ್ಟ್ ನಿಮ್ಮನ್ನು ಹಾಂಗ್‌ನೊಳಗೆ ಒಯ್ಯುವ ಖಾತ್ರಿ ಇಲ್ಲ.

ಅಡುಗೆ ತರಗತಿ ಎಲ್ಲ ಕಡೆ ಇದೆ. ಅದು ನಿಜವಾದ ಪಾಠವೋ ಫೋಟೊ ಕಾರ್ಯಕ್ರಮವೋ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ಕರಿ ಪೇಸ್ಟ್ ನಾವೇ ಕುಟ್ಟುತ್ತೇವೆಯೇ? ಹಸಿರು ಕರಿಗೆ ಮೊದಲು ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು ಪುಡಿಯಾಗಬೇಕು. ಆಮೇಲೆ ಉಪ್ಪಿನ ಜೊತೆ ಹಸಿಮೆಣಸಿನಕಾಯಿ. ನಂತರ ನಾರಿರುವ ನಿಂಬೆಹುಲ್ಲು, ಶುಂಠಿಯ ಜಾತಿಯ ಗಲಂಗಲ್, ಮಕ್ರೂಟ್ ನಿಂಬೆಯ ಸಿಪ್ಪೆ, ಕೊತ್ತಂಬರಿ ಬೇರು. ಕಡೆಗೆ ನೀರು ಬಿಡುವ ಬೆಳ್ಳುಳ್ಳಿ, ಚಿಕ್ಕ ಈರುಳ್ಳಿ. ಈ ಕ್ರಮ ತಪ್ಪಿದರೆ ಒರಳಿನಲ್ಲಿ ರಸವಾಗಿ ಎಲ್ಲ ಜಾರುತ್ತದೆ, ನಾರು ನುಣ್ಣಗಾಗುವುದೇ ಇಲ್ಲ. ತೆಂಗಿನ ಗಟ್ಟಿಹಾಲನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಆ ಎಣ್ಣೆಯಲ್ಲೇ ಪೇಸ್ಟ್ ಹುರಿಯಬೇಕು. ಊರಿಗೆ ಬಂದು ಪ್ಯಾಕೆಟ್ ಹಾಲಿನಲ್ಲಿ ಮಾಡಿದರೆ ಎಣ್ಣೆ ಒಡೆಯದಿರಲು ಕಾರಣ ಅದರಲ್ಲಿ ಬೆರೆಸಿರುವ ಸ್ಥಿರಕಾರಕ. ಆಗ ಒಂದು ಚಮಚ ತೆಂಗಿನೆಣ್ಣೆ ಹಾಕಿಕೊಳ್ಳಿ.

ನಿಮ್ಮ ಸಸ್ಯಾಹಾರದ ಚಿಂತೆ ಇಲ್ಲಿಗೇ ಬಂದು ಸೇರುತ್ತದೆ. ಆ ಪೇಸ್ಟಿಗೆ ಕೊನೆಯಲ್ಲಿ 'ಕಪಿ', ಅಂದರೆ ಸಿಗಡಿಯ ಪೇಸ್ಟ್, ಸೇರಿಸಿ ಕುಟ್ಟುತ್ತಾರೆ. 'ಮಾಂಸ ಬೇಡ' ಎಂದರೆ ಚೂರುಗಳು ಬರುವುದಿಲ್ಲ, ಕಪಿಯೂ ಮೀನಿನ ಸಾಸ್ 'ನಾಮ್ ಪ್ಲಾ'ವೂ ಬಂದೇ ಬರುತ್ತವೆ. 'ವೆಜಿಟೇರಿಯನ್' ಎಂಬುದಕ್ಕಿಂತ 'ಜೇ' ಎಂಬ ಮಾತು ಕೆಲಸ ಮಾಡುತ್ತದೆ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳು ಜೇ ಅಂಗಡಿಗಳು. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ವರ್ಜ್ಯ. ನಮ್ಮಲ್ಲಿ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ರೆಸಾರ್ಟಿಗೆ ಕನಿಷ್ಠ ಎರಡು ದಿನ ಮೊದಲೇ ಬರೆಯಿರಿ. ಪೇಸ್ಟನ್ನು ದಿನಕ್ಕೊಮ್ಮೆ ಒಟ್ಟಿಗೆ ಮಾಡಿಟ್ಟಿರುವುದರಿಂದ ಟೇಬಲ್ಲಿಗೆ ಬಂದ ಮೇಲೆ ಹೇಳಿದರೆ ಬಾಣಸಿಗ ಏನೂ ಮಾಡಲಾರ. ಪಪ್ಪಾಯಿ ಸಲಾಡ್ 'ಸೋಮ್ ತಾಮ್' ಬೇಕೆಂದರೆ ಒರಳನ್ನು ತೊಳೆದು ಕುಟ್ಟಲು ಹೇಳಿ. ಅದೇ ಒರಳಿನಲ್ಲಿ ಏಡಿ, ಒಣಸಿಗಡಿ ಜಜ್ಜಿರುತ್ತಾರೆ.

ಮಸಾಜಿಗೆ ರೆಸಾರ್ಟಿನ ಸ್ಪಾ ಬೇಕಿಲ್ಲ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ 'ನುವಾದ್ ಥಾಯ್' ಬಟ್ಟೆ ತೊಟ್ಟೇ, ನೆಲದ ಹಾಸಿಗೆಯ ಮೇಲೆ, ಎಣ್ಣೆಯಿಲ್ಲದೆ ಮಾಡುವಂಥದ್ದು. ಊರಿನ ಒಳ್ಳೆಯ ಅಂಗಡಿಯಲ್ಲಿ ಗಂಟೆಗೆ 300 ಬಾತ್ ಆಸುಪಾಸು, ರೆಸಾರ್ಟಿನಲ್ಲಿ ಅದರ ಹತ್ತು ಪಟ್ಟು ಸಾಮಾನ್ಯ. ಬಿ.ಪಿ., ಬೆನ್ನುಮೂಳೆಯ ತೊಂದರೆ, ಬಸಿರು ಇದ್ದರೆ ಮೊದಲೇ ಹೇಳಿ. ಊಟವಾದ ತಕ್ಷಣ ಬೇಡ.

ಊಟದ ಜೊತೆ ತೋರಿಸುವ ಕಾಲು ಗಂಟೆಯ ನೃತ್ಯದಿಂದ ಹೆಚ್ಚು ನಿರೀಕ್ಷಿಸಬೇಡಿ. ಬ್ಯಾಂಕಾಕ್‌ನಲ್ಲಿ ಅರ್ಧ ದಿನ ಸಿಕ್ಕರೆ 1933ರಲ್ಲಿ ತೆರೆದ ಸಾಲಾ ಚಲೇಮ್‌ಕ್ರುಂಗ್ ರಂಗಮಂದಿರದಲ್ಲಿ ರಾಮಾಯಣದ ಕಥೆಯಾಡುವ ಮುಖವಾಡದ ನೃತ್ಯನಾಟಕ 'ಖೋನ್' ನೋಡಿ. ಯಕ್ಷಗಾನ ನೋಡಿ ಬೆಳೆದವರಿಗೆ ರಾವಣನೂ ಹನುಮಂತನೂ ಕಂಡೊಡನೆ ಗುರುತಾಗುತ್ತಾರೆ. ಆದರೆ ಇಲ್ಲಿ ಮುಖವಾಡದ ಪಾತ್ರಗಳು ಮಾತಾಡುವುದಿಲ್ಲ, ಹಿಮ್ಮೇಳದವರೇ ಹೇಳುತ್ತಾರೆ. ಇಲ್ಲಿನ ರಾಮಾಯಣವಾದ ರಾಮಕಿಯನ್ ಕಥೆಯಲ್ಲಿ ಹನುಮಂತ ಬ್ರಹ್ಮಚಾರಿಯೂ ಅಲ್ಲ! ಮನೆಯ ಹಿರಿಯರಿಗೆ ಇದನ್ನು ಮೊದಲೇ ಹೇಳಿಟ್ಟಿರಿ.

ಬೆಳಗಿನ ಜಾವ ಭಿಕ್ಷುಗಳಿಗೆ ಅನ್ನದಾನ ಮಾಡಿಸುವ ರೆಸಾರ್ಟ್ ಸಿಕ್ಕರೆ ಒಪ್ಪಿಕೊಳ್ಳಿ. ಭುಜ, ಮೊಣಕಾಲು ಮುಚ್ಚಿರಲಿ, ಚಪ್ಪಲಿ ಬಿಡಿ. ಹೆಂಗಸರು ಭಿಕ್ಷುವನ್ನಾಗಲಿ ನಿಲುವಂಗಿಯನ್ನಾಗಲಿ ಮುಟ್ಟದಂತೆ ಪಾತ್ರೆಗೆ ಹಾಕಬೇಕು. ಫ್ಲ್ಯಾಶ್ ಬೇಡ.

ಬಿಲ್ಲಿನ ವಿಷಯ. ದರದ ಮುಂದೆ ಎರಡು ಕೂಡು ಚಿಹ್ನೆ (++) ಇದ್ದರೆ ಶೇ 10 ಸೇವಾಶುಲ್ಕ, ಅದರ ಮೇಲೆ ಶೇ 7 ವ್ಯಾಟ್ ಸೇರುತ್ತದೆ: 10,000 ಬಾತ್ ಎಂದದ್ದು 11,770 ಆಗುತ್ತದೆ. ಡಿಸೆಂಬರ್ 24 ಮತ್ತು 31ರ ರಾತ್ರಿ ಹಲವು ರೆಸಾರ್ಟ್‌ಗಳಲ್ಲಿ 'ಗಾಲಾ ಡಿನ್ನರ್' ಕಡ್ಡಾಯ. ತಿನ್ನಲಿ ಬಿಡಲಿ ತಲೆಗಿಷ್ಟೆಂದು ಕಟ್ಟಬೇಕು, ಸಸ್ಯಾಹಾರಿಗೆ ರಿಯಾಯಿತಿ ಕೇಳಿ ಪಡೆಯುವುದೂ ಕಷ್ಟ. ಡಿಸೆಂಬರ್ ಮೊದಲೆರಡು ವಾರ ಹೋದರೆ ಇದೂ ತಪ್ಪುತ್ತದೆ, ಹವೆಯೂ ಅದೇ. ಡೇರೆ ಶಿಬಿರದಂಥ ಎಲ್ಲ ಸೇರಿದ ದರ ನೋಡಲು ಹೌಹಾರಿಸುತ್ತದೆ. ಆನೆ ಕಾರ್ಯಕ್ರಮ, ದೋಣಿ, ಊಟ, ಕಾರು ಎಲ್ಲವನ್ನೂ ಬಿಡಿಯಾಗಿ ಕೂಡಿಸಿ ಆಮೇಲೆ ಹೋಲಿಸಿ.

ಹೊರಡುವ ಮುನ್ನ ಇನ್ನು ಕೆಲವು ಮಾತು. ರಾಷ್ಟ್ರೀಯ ಉದ್ಯಾನಗಳಲ್ಲಿ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ 2021ರಿಂದ ನಿಷಿದ್ಧ, ದಂಡ ಒಂದು ಲಕ್ಷ ಬಾತ್‌ವರೆಗೆ. ಇ-ಸಿಗರೇಟು ದೇಶದೊಳಕ್ಕೇ ತರುವಂತಿಲ್ಲ. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್‌ಗೂ ಮೊದಲು ಥಾಯ್ ರಾಯಭಾರ ಕಚೇರಿಯ ತಾಣ ನೋಡಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯವಾಗಿದೆ. ಇಳಿಯುವ ದಿನಕ್ಕೆ ಮೂರು ದಿನದೊಳಗೆ, ಮಕ್ಕಳನ್ನೂ ಸೇರಿಸಿ ತಲೆಗೊಂದರಂತೆ, ಥಾಯ್ ವಲಸೆ ಇಲಾಖೆಯ ತಾಣದಲ್ಲೇ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಹಣ ಕಟ್ಟಲು ಬ್ಯಾಂಕ್ ಕಾರ್ಡಿನ ನಂಬರ್ ಕೇಳುವ ಪುಟ ಸಿಕ್ಕರೆ ಅದು ನಕಲಿ ಅಥವಾ ದಲ್ಲಾಳಿಯದು.